ಭಟ್ಕಳದಿಂದ ಕಾರವಾರದವರೆಗೆ ಶಿಶುಗಳ ಖತ್ನಾ ಸೇವೆ: ಎಲ್ಲಿ ಮಾಡಿಸಬಹುದು, ಯಾವಾಗ ಬೇಡ

ಹುಟ್ಟುವುದು ಗಂಡಾದರೆ ಖತ್ನಾ (ಶಿಶ್ನದ ತುದಿಯ ಚರ್ಮ, ಅಂದರೆ ಮುಂದೊಗಲು, ಕತ್ತರಿಸಿ ತೆಗೆಯುವುದು) ಮಾಡಿಸಬೇಕೆ, ಮಾಡಿಸುವುದಾದರೆ ಎಲ್ಲಿ, ಎಷ್ಟನೇ ದಿನಕ್ಕೆ ಎನ್ನುವುದನ್ನು ಹೆರಿಗೆಗೆ ಮೊದಲೇ ಗಂಡ ಹೆಂಡತಿ ಕೂತು ಮಾತಾಡಿಕೊಳ್ಳುವುದು ಒಳ್ಳೆಯದು. ಹೆರಿಗೆಯಾದ ಮೇಲೆ ಬಾಣಂತಿಗೆ ನಿದ್ದೆ ಇರುವುದಿಲ್ಲ, ಮನೆ ತುಂಬ ನೆಂಟರು, ಹಿರಿಯರದ್ದು ಒಂದು ಮಾತು, ಆಸ್ಪತ್ರೆಯವರದ್ದು ಇನ್ನೊಂದು. ಆ ಗಡಿಬಿಡಿಯಲ್ಲಿ ಯಾರು ಬೇಗ ಸಿಗುತ್ತಾರೋ ಅವರ ಕೈಗೆ ಮಗುವನ್ನು ಕೊಡುವುದಾಗುತ್ತದೆ.

ಮೊದಲು ಬೇಡದವರ ಮಾತು. ಧರ್ಮದ ಕಾರಣವಿಲ್ಲ, ಮಗುವಿಗೆ ಕಾಯಿಲೆಯೂ ಇಲ್ಲ ಎಂದಾದರೆ ಈ ಶಸ್ತ್ರಕ್ರಿಯೆ ಬೇಡ. ನಮ್ಮ ಅಭಿಪ್ರಾಯ ಇದರಲ್ಲಿ ಸ್ಪಷ್ಟವಿದೆ. ಹುಟ್ಟಿದ ಗಂಡುಮಕ್ಕಳಲ್ಲಿ ಬಹುತೇಕ ಎಲ್ಲರ ಮುಂದೊಗಲೂ ಶಿಶ್ನದ ತುದಿಗೆ ಅಂಟಿಕೊಂಡೇ ಇರುತ್ತದೆ. ಅದು ರೋಗವಲ್ಲ. ವರ್ಷಗಳು ಕಳೆದ ಹಾಗೆ ತಾನಾಗಿ ಬಿಡುತ್ತದೆ, ಕೆಲವರಲ್ಲಿ ಪ್ರಾಯಕ್ಕೆ ಬರುವಾಗ. ಉಚ್ಚೆ ಹೊಯ್ಯುವಾಗ ತುದಿಯ ಚರ್ಮ ಸ್ವಲ್ಪ ಉಬ್ಬಿ ಆಮೇಲೆ ಇಳಿದರೆ, ಮಗು ಅಳದಿದ್ದರೆ, ಗಾಬರಿ ಬೇಡ. ಚರ್ಮದ ಕೆಳಗೆ ಕಾಣುವ ಬಿಳಿ ಹರಳಿನಂಥದ್ದು ಕೀವಲ್ಲ, ಉದುರಿದ ಚರ್ಮದ ಕಣಗಳು ಕೂಡಿ ಆದದ್ದು.

ತೊಂದರೆ ಶುರುವಾಗುವುದು ಹೆಚ್ಚಾಗಿ ಬಚ್ಚಲುಮನೆಯಲ್ಲಿ. ಕರಾವಳಿಯಲ್ಲೂ ಘಟ್ಟದ ಮೇಲೂ ಮಗು ಮೀಯಿಸಲು ಬರುವ ಅಜ್ಜಿ ಕಾಲು ಚಾಚಿ, ಮಗುವನ್ನು ಕಾಲಿನ ಮೇಲೆ ಮಲಗಿಸಿ, ತೆಂಗಿನೆಣ್ಣೆಯ ಹೆಬ್ಬೆರಳಿನಿಂದ ತುದಿಯ ಚರ್ಮವನ್ನು ದಿನಾ ಹಿಂದಕ್ಕೆ ಎಳೆಯುತ್ತಾರೆ, "ಈಗ ಬಿಡಿಸದಿದ್ದರೆ ದೊಡ್ಡವನಾದ ಮೇಲೆ ಕಷ್ಟ" ಎಂದು. ಹಾಗೆ ಎಳೆದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಸೀಳು ಬೀಳುತ್ತದೆ. ಸೀಳು ಮಾಯುವಾಗ ಕಲೆಗಟ್ಟುತ್ತದೆ, ಕಲೆ ಬಿಗಿಯುತ್ತದೆ. ಕೆಲವೊಮ್ಮೆ ಹಿಂದಕ್ಕೆ ಹೋದ ಚರ್ಮ ಮರಳಿ ಬಾರದೆ ತುದಿ ಊದಿಕೊಳ್ಳುತ್ತದೆ, ಆಗ ಅದು ತುರ್ತು ಚಿಕಿತ್ಸೆಯ ವಿಷಯ. ಅಜ್ಜಿಗೆ ಮರ್ಯಾದೆಯಿಂದಲೇ ಹೇಳಿ: "ಅಮ್ಮಾ, ಅಲ್ಲಿ ಮೇಲಿಂದ ನೀರು ಹಾಕಿದರೆ ಸಾಕು, ಎಳೆಯುವುದು ಬೇಡ." ನಿಜವಾಗಿ ಬಿಗಿಯಿದ್ದ ದೊಡ್ಡ ಮಕ್ಕಳಲ್ಲಿಯೂ ಕತ್ತರಿಸುವ ಮೊದಲು ಡಾಕ್ಟರು ಸಾಮಾನ್ಯವಾಗಿ ಬೀಟಾಮೆಥಸೋನ್ ಮುಲಾಮನ್ನು ದಿನಕ್ಕೆ ಎರಡು ಸಲ, 4ರಿಂದ 8 ವಾರ ಹಚ್ಚಿಸಿ ನೋಡುತ್ತಾರೆ. ಹೆಚ್ಚಿನವರಿಗೆ ಅಷ್ಟರಲ್ಲೇ ಸಡಿಲವಾಗುತ್ತದೆ.

ಶಿರಸಿ, ಸಿದ್ದಾಪುರದ ಕಡೆಯಿಂದ ಅಮೆರಿಕಕ್ಕೆ ಹೋದ ದಂಪತಿಗಳಿಗೆ ಅಲ್ಲಿನ ಆಸ್ಪತ್ರೆ ಹೆರಿಗೆ ಹೊತ್ತಿಗೇ ಈ ಪ್ರಶ್ನೆ ಕೇಳುತ್ತದೆ, ಊರಿಗೆ ಫೋನು ಬರುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2012ರಲ್ಲಿ ಹೇಳಿದ್ದು ಇಷ್ಟು: ಲಾಭ ಅಪಾಯಕ್ಕಿಂತ ಹೆಚ್ಚು, ಆದರೆ ಎಲ್ಲ ಮಕ್ಕಳಿಗೂ ಮಾಡಿಸಿ ಎನ್ನುವಷ್ಟು ಹೆಚ್ಚಲ್ಲ, ತೀರ್ಮಾನ ತಂದೆತಾಯಿಯದ್ದು. ಕೆನಡಾದ ಮಕ್ಕಳ ವೈದ್ಯರ ಸಂಘ 2015ರಲ್ಲಿ ವಾಡಿಕೆಯಾಗಿ ಮಾಡಿಸುವುದನ್ನು ಶಿಫಾರಸು ಮಾಡಲಿಲ್ಲ. ಮೂತ್ರದ ಸೋಂಕು ಕಡಿಮೆಯಾಗುವುದು ನಿಜ, ಆದರೆ ಖತ್ನಾ ಆಗದ ಗಂಡುಮಕ್ಕಳಲ್ಲಿ ಮೊದಲ ವರ್ಷ ಅದು ಬರುವುದೇ ನೂರಕ್ಕೆ ಸುಮಾರು ಒಬ್ಬರಿಗೆ. ಒಂದು ಸೋಂಕು ತಪ್ಪಿಸಲು ನೂರಕ್ಕೂ ಹೆಚ್ಚು ಮಕ್ಕಳಿಗೆ ಮಾಡಬೇಕಾಗುತ್ತದೆ. ಮೂತ್ರ ಕಿಡ್ನಿಯತ್ತ ಹಿಂದಕ್ಕೆ ಹರಿಯುವ ತೊಂದರೆ ಜೋರಾಗಿರುವ ಮಕ್ಕಳ ಲೆಕ್ಕ ಬೇರೆ, ಅವರಿಗೆ ನಿಜವಾಗಿಯೂ ಉಪಯೋಗವಿದೆ. ಎಚ್‌ಐವಿ ತಡೆಗೆ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಮಾಡಿದ ಶಿಫಾರಸು ಸೋಂಕು ವಿಪರೀತ ಹೆಚ್ಚಿರುವ ದೇಶಗಳ ಗಂಡಸರನ್ನು ನೋಡಿಕೊಂಡು ಮಾಡಿದ್ದು. ಕುಮಟಾದ ಕೂಸಿಗೆ ಅದು ಕಾರಣವಾಗುವುದಿಲ್ಲ.

ಇನ್ನು ಮಾಡಿಸುವವರು. ಭಟ್ಕಳದ ನವಾಯತ ಮುಸ್ಲಿಮರು ಶಾಫಿ ಪಂಥದವರು, ಅಲ್ಲಿ ಖತ್ನಾ ಕಡ್ಡಾಯ. ಅವರ ಮುಂದಿರುವ ಪ್ರಶ್ನೆ ಬೇಕೋ ಬೇಡವೋ ಎಂಬುದಲ್ಲ, ಯಾವಾಗ ಮತ್ತು ಯಾರ ಕೈಯಲ್ಲಿ ಎಂಬುದು. ಏಳನೇ ದಿನ ಮಾಡಿಸುವುದು ಒಳ್ಳೆಯದೆಂದು ಹೇಳಿದ್ದರೂ ಮಗುವಿಗೆ ತಡೆಯಲಾಗದು ಎಂದಾದರೆ ಮುಂದೂಡಲು ಅವಕಾಶವಿದೆ. ಅಕೀಕಾಕ್ಕೆ (ಮಗು ಹುಟ್ಟಿದ ಏಳನೇ ದಿನದ ಸುಮಾರಿಗೆ ಮಾಡುವ ಶಾಸ್ತ್ರ) ಬಂದ ನೆಂಟರ ಎದುರಿಗೇ ಇದೂ ಮುಗಿಯಲಿ ಎಂದು ಕಾಮಾಲೆಯ, ತೂಕ ಕಡಿಮೆಯ ಕೂಸನ್ನು ಒಯ್ಯುವುದು ಬೇಡ.

ವಯಸ್ಸಿನ ಮಟ್ಟಿಗೆ ನಮ್ಮ ಸಲಹೆ: ತಿಂಗಳು ತುಂಬಿ ಹುಟ್ಟಿ, ಚೆನ್ನಾಗಿ ಹಾಲು ಕುಡಿಯುವ ಮಗುವಾದರೆ ಮೊದಲ ಎರಡು ತಿಂಗಳೊಳಗೆ. ಆಗ ಆ ಜಾಗವನ್ನಷ್ಟೇ ಮರಗಟ್ಟಿಸಿ ಮಾಡಬಹುದು. ಆಮೇಲೆ ಮಗು ಒದೆಯುತ್ತದೆ, ರಕ್ತನಾಳ ದಪ್ಪವಾಗುತ್ತವೆ, ಪೂರ್ತಿ ಅರಿವಳಿಕೆ ಕೊಡಬೇಕಾಗುತ್ತದೆ. 2010ರಲ್ಲಿ ಪ್ರಕಟವಾದ, ಅನೇಕ ಅಧ್ಯಯನಗಳನ್ನು ಒಟ್ಟು ಮಾಡಿದ ಪರಿಶೀಲನೆಯೊಂದರಲ್ಲಿ ಎಳೆ ಶಿಶುಗಳಲ್ಲಿ ತೊಂದರೆಯ ಮಧ್ಯಮ ಪ್ರಮಾಣ ಶೇ. 1.5, ವರ್ಷ ದಾಟಿದ ಮಕ್ಕಳಲ್ಲಿ ಶೇ. 6.

ನರ್ಸಿಂಗ್ ಹೋಮ್‌ಗಳಲ್ಲಿ ಶಿಶುಗಳಿಗೆ ಮಾಡುವ ಪ್ಲಾಸ್ಟಿಬೆಲ್ ಕ್ರಮವನ್ನು ಜನ ರಿಂಗ್ ಹಾಕುವುದು ಎನ್ನುತ್ತಾರೆ. ಸರಿಯಾಗಿ ಮಾಡಿದರೆ ಒಳ್ಳೆಯ ಸೇವೆ, ನಮ್ಮ ಮೊದಲ ಆಯ್ಕೆ ಇದೇ. ಔಷಧದಿಂದ ಒರೆಸಿ, ಅಂಟಿದ ಚರ್ಮವನ್ನು ಮೊಂಡು ಕಡ್ಡಿಯಿಂದ ಬಿಡಿಸಿ, ಮೇಲ್ಗಡೆ ಸಣ್ಣ ಸೀಳು ಹಾಕಿ, ತುದಿಯ ಮೇಲೆ ಪ್ಲಾಸ್ಟಿಕ್ ಗಂಟೆ ಕೂರಿಸುತ್ತಾರೆ. ಚರ್ಮವನ್ನು ಅದರ ಮೇಲೆ ತಂದು, ಗಂಟೆಯ ಕಚ್ಚಿನಲ್ಲಿ ದಾರ ಬಿಗಿದು, ಹೆಚ್ಚಿನದನ್ನು ಕತ್ತರಿಸಿ, ಹಿಡಿಯನ್ನು ಮುರಿದು ತೆಗೆಯುತ್ತಾರೆ. ದಾರದ ಆಚೆ ಉಳಿದ ಅಂಚಿಗೆ ರಕ್ತ ಹೋಗದೆ ಒಣಗಿ 5ರಿಂದ 8 ದಿನಕ್ಕೆ ರಿಂಗು ತಾನಾಗಿ ಬೀಳುತ್ತದೆ.

ಕೆಡುವುದು ಎರಡೇ ಜಾಗದಲ್ಲಿ, ಅಳತೆ ಮತ್ತು ಗಂಟು. ಗಂಟೆ 1.1ರಿಂದ 1.7 ಸೆಂಟಿಮೀಟರ್‌ವರೆಗೆ ಬೇರೆ ಬೇರೆ ಅಳತೆಯಲ್ಲಿ ಬರುತ್ತದೆ. ದೊಡ್ಡದಾದರೆ ರಿಂಗು ಹಿಂದಕ್ಕೆ ಜಾರಿ ದಂಡಿಗೆ ಬಿಗಿಯುತ್ತದೆ, ಚಿಕ್ಕದಾದರೆ ತುದಿ ಅದರೊಳಗೆ ಊದಿ ಸಿಕ್ಕಿಕೊಳ್ಳುತ್ತದೆ. ಗಂಟು ಸಡಿಲವಾದರೆ ಅದೇ ರಾತ್ರಿ ರಕ್ತ. ಆದ್ದರಿಂದ ಒಂದೇ ಅಳತೆಯ ರಿಂಗ್ ಇಟ್ಟುಕೊಂಡು ಬರುವ ಎಲ್ಲ ಮಕ್ಕಳಿಗೂ ಅದನ್ನೇ ಹಾಕುವ ಜಾಗಕ್ಕೆ ಹೋಗಬೇಡಿ. ಪ್ಯಾಕೆಟ್ಟನ್ನು ನಿಮ್ಮೆದುರೇ ಒಡೆಯಲಿ, ಇದು ಒಂದೇ ಸಲ ಬಳಸುವ ಸಾಮಾನು. ಹತ್ತು ದಿನವಾದರೂ ಬೀಳದಿದ್ದರೆ ಡಾಕ್ಟರಿಗೆ ತೋರಿಸಿ. ನೇಲ್ ಕಟರ್, ಕತ್ತರಿ ತಂದು ಮನೆಯಲ್ಲೇ ಬಿಡಿಸಲು ಹೋಗಬಾರದು.

"ಲೇಸರ್ ಖತ್ನಾ, ನೋವಿಲ್ಲ, ರಕ್ತವಿಲ್ಲ" ಎಂಬ ಜಾಹೀರಾತು ನೋಡಿ ಮರುಳಾಗಬೇಡಿ. ಅನೇಕ ಕಡೆ ಆ ಹೆಸರಿನಲ್ಲಿ ಇರುವುದು ಕರೆಂಟಿನಿಂದ ಸುಡುವ ಕಾಟರಿ ಯಂತ್ರ, ಇಲ್ಲವೇ ದೊಡ್ಡವರಿಗೆ ಬಳಸುವ ಸ್ಟೇಪ್ಲರ್. ಲೋಹದ ಕ್ಲಾಂಪ್ (ಚರ್ಮವನ್ನು ಬಿಗಿಯಾಗಿ ಹಿಡಿಯುವ ಸಾಧನ) ಹಾಕಿ ಅದರ ಮೇಲೆ ಸಾಮಾನ್ಯ ಕಾಟರಿ ಮುಟ್ಟಿಸಿದರೆ ಕರೆಂಟು ಎಳೆ ಶಿಶ್ನದ ಬುಡದ ಮೂಲಕವೇ ಹರಿಯಬೇಕು, ಇಡೀ ಅಂಗವೇ ಸುಟ್ಟುಹೋದ ಪ್ರಕರಣಗಳು ವೈದ್ಯಕೀಯ ದಾಖಲೆಯಲ್ಲಿವೆ. ಹೀಗೇ ಕೇಳಿ: "ಡಾಕ್ಟ್ರೇ, ಯಾವ ಮಷೀನು? ಕ್ಲಾಂಪ್ ಜೊತೆ ಕಾಟರಿ ಬಳಸ್ತೀರಾ?" ಉತ್ತರ ತೇಲಿಸಿದರೆ ಎದ್ದು ಬನ್ನಿ.

ಮನೆಗೆ ಬಂದು ಮಾಡುವವರ ಬಗ್ಗೆ ಹಿರಿಯರಿಗೆ ನಂಬಿಕೆಯಿದೆ, ಅವರಲ್ಲಿ ಕೈ ಪಳಗಿದವರೂ ಇದ್ದಾರೆ. ಆದರೂ ನಾವು ಬೇಡ ಎನ್ನುತ್ತೇವೆ. ನೋವು ತಡೆಯುವ ಚುಚ್ಚುಮದ್ದು ಇರುವುದಿಲ್ಲ, ಹತ್ಯಾರು ಆಟೋಕ್ಲೇವ್ (ಬಿಸಿ ಹಬೆಯಲ್ಲಿ ಕ್ರಿಮಿಶುದ್ಧಿ) ಆಗಿರುವುದಿಲ್ಲ, ರಕ್ತ ನಿಲ್ಲದಿದ್ದರೆ ಹೊಲಿಗೆ ಹಾಕುವ ವ್ಯವಸ್ಥೆ ಇಲ್ಲ. ಸಾಮೂಹಿಕ ಶಿಬಿರವೂ ಎಳೆಗೂಸಿಗೆ ಹೇಳಿದ್ದಲ್ಲ, ಒಬ್ಬೊಬ್ಬರನ್ನೇ ಮೊದಲು ಪರೀಕ್ಷಿಸಲು ಅಲ್ಲಿ ಪುರುಸೊತ್ತು ಇರುವುದಿಲ್ಲ.

ಆ ಪರೀಕ್ಷೆಯೇ ಈ ಸೇವೆಯ ಅರ್ಧ ಭಾಗ. ಮೂತ್ರದ್ವಾರ ತುದಿಯಲ್ಲಿರದೆ ಕೆಳಗಡೆ ಇದ್ದರೆ, ಅಂದರೆ ಹೈಪೋಸ್ಪೇಡಿಯಾಸ್ ಇದ್ದರೆ, ಖತ್ನಾ ಮಾಡಲೇಬಾರದು. ಮುಂದೆ ಅದನ್ನು ಸರಿಪಡಿಸುವ ಶಸ್ತ್ರಕ್ರಿಯೆಗೆ ಆ ಚರ್ಮವೇ ಬೇಕಾಗುತ್ತದೆ. ಶಿಶ್ನ ಬಾಗಿದ್ದರೆ, ಚರ್ಮದೊಳಗೆ ಹುದುಗಿದ್ದರೆ ಕೂಡ ಶಿಶು ಶಸ್ತ್ರಚಿಕಿತ್ಸಕರಿಗೆ ತೋರಿಸದೆ ಕೈ ಹಾಕಿಸಬೇಡಿ. ರಕ್ತ ಹೆಪ್ಪುಗಟ್ಟಲು ಬೇಕಾದ ವಿಟಮಿನ್ ಕೆ ಚುಚ್ಚುಮದ್ದನ್ನು ಹುಟ್ಟಿದಾಗ ಕೊಟ್ಟಿದ್ದಾರೆಯೇ ಎಂದು ಡಿಸ್‌ಚಾರ್ಜ್ ಚೀಟಿಯಲ್ಲಿ ನೋಡಿ, ತಿಂಗಳು ತುಂಬಿದ ಮಗುವಿಗೆ 1 ಮಿ.ಗ್ರಾಂ ಕೊಡುವುದು ರೂಢಿ. ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ ಹಿಮೋಫೀಲಿಯಾ ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರುತ್ತದೆ, ಹಾಗಾಗಿ ಮಗುವಿನ ಸೋದರಮಾವಂದಿರಲ್ಲಿ, ದೊಡ್ಡಮ್ಮ ಚಿಕ್ಕಮ್ಮಂದಿರ ಗಂಡುಮಕ್ಕಳಲ್ಲಿ ಹಲ್ಲು ಕಿತ್ತಾಗಲೋ ಖತ್ನಾದಲ್ಲೋ ರಕ್ತ ನಿಲ್ಲದೆ ಹೋದದ್ದು ಇದೆಯೇ ಎಂದು ಅಜ್ಜಿಯನ್ನು ಕೇಳಿ. ಈ ಪ್ರಶ್ನೆ ಕೇಳದ ಡಾಕ್ಟರಿಗೆ ನಾವು ಪೂರ್ತಿ ಅಂಕ ಕೊಡುವುದಿಲ್ಲ.

ನೋವಿನ ವಿಷಯದಲ್ಲಿ ರಾಜಿ ಬೇಡ. "ಎಳೆ ಮಗು, ಗೊತ್ತಾಗುವುದಿಲ್ಲ" ಎನ್ನುವುದು ಸುಳ್ಳು. ಶಿಶ್ನದ ಬುಡದಲ್ಲಿ, ಗಡಿಯಾರದ 10 ಮತ್ತು 2 ಗಂಟೆಯ ಜಾಗದಲ್ಲಿ, ಅಡ್ರಿನಲಿನ್ ಸೇರಿಸದ ಶೇ. 1ರ ಲಿಗ್ನೊಕೇನ್ (ಮರಗಟ್ಟಿಸುವ ಮದ್ದು) ಅನ್ನು ತಲಾ 0.4 ಮಿ.ಲೀ. ಚುಚ್ಚಿ, ಮರಗಟ್ಟಲು ಕೆಲವು ನಿಮಿಷ ಕಾಯಬೇಕು. ಚುಚ್ಚಿದ ತಕ್ಷಣ ಕತ್ತರಿ ಹಿಡಿಯುವವರಿದ್ದಾರೆ, ಅದು ಚುಚ್ಚದಂತೆಯೇ. ಹಚ್ಚುವ ಮುಲಾಮು ಮಾತ್ರ ಸಾಲದು, ಅದಕ್ಕೆ ಒಂದು ಗಂಟೆ ಬೇಕು, ಒಳಗಿನ ನೋವಿಗೆ ತಟ್ಟುವುದೂ ಇಲ್ಲ. ಬಾಯಿಗೆ ಸಕ್ಕರೆ ದ್ರಾವಣ ಇದಕ್ಕೆ ಜೊತೆಯಾಗಬಹುದು, ಬದಲಿಯಾಗದು. ಪ್ಯಾರಾಸಿಟಮಾಲ್ ಬರೆದುಕೊಟ್ಟರೆ ಬಾಟಲಿಯ ಹೆಸರು ಮತ್ತು ಎಷ್ಟು ಮಿ.ಲೀ. ಎಂದು ಬರೆಸಿಕೊಳ್ಳಿ. ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ 1 ಮಿ.ಲೀ.ಗೇ 100 ಮಿ.ಗ್ರಾಂ ಇರುತ್ತದೆ, ಸಿರಪ್‌ನಲ್ಲಿ 5 ಮಿ.ಲೀ.ಗೆ 125. ಸಿರಪ್ಪಿನ ಲೆಕ್ಕದಲ್ಲಿ ಡ್ರಾಪ್ಸ್ ಕುಡಿಸಿದರೆ ನಾಲ್ಕು ಪಟ್ಟು ಹೋಗುತ್ತದೆ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಆಸ್ಪತ್ರೆ ಆರಿಸುವಾಗ ರಸ್ತೆಯನ್ನೂ ಆರಿಸಬೇಕು. ಮೂರು ಕಿಲೋ ಮಗುವಿನ ಮೈಯಲ್ಲಿರುವ ರಕ್ತವೇ ಸುಮಾರು 250 ಮಿ.ಲೀ. ಒಂದು ಚಿಕ್ಕ ಔಷಧದ ಬಾಟಲಿಯಷ್ಟು ಹೋದರೂ ಹತ್ತರಲ್ಲೊಂದು ಪಾಲು ಹೋದಂತೆ, ಅದೂ ಡೈಪರ್ ಹೀರಿಕೊಂಡರೆ ಗೊತ್ತೇ ಆಗುವುದಿಲ್ಲ. ಗಂಭೀರ ತೊಂದರೆಯಾದರೆ ಭಟ್ಕಳದವರು ಮಣಿಪಾಲಕ್ಕೆ, ಶಿರಸಿಯವರು ಹುಬ್ಬಳ್ಳಿಗೆ, ಕಾರವಾರದವರು ಗೋವಾಕ್ಕೆ ಓಡುವುದು ಇಲ್ಲಿಯ ವಾಡಿಕೆ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು 2022ರಲ್ಲಿ ಜಿಲ್ಲೆಯ ಜನ ಎದ್ದದ್ದು ಸುಮ್ಮನೆ ಅಲ್ಲ. ಮಳೆಗಾಲದಲ್ಲಿ ಇನ್ನೂ ಕಷ್ಟ: 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತು, ಆಗಸ್ಟ್ 7ರ ನಸುಕಿನಲ್ಲಿ ಕಾಳಿ ನದಿಯ ಹಳೆ ಸೇತುವೆ ಬಿತ್ತು. ತುರ್ತಿಲ್ಲದ ಶಸ್ತ್ರಕ್ರಿಯೆಯನ್ನು ಜೋರು ಮಳೆಯ ವಾರದಲ್ಲಿ ಇಟ್ಟುಕೊಳ್ಳಬೇಡಿ. ಬೆಳಿಗ್ಗೆ ಹೊತ್ತು ಮಾಡಿಸಿ, ಸಂಜೆಯೊಳಗೆ ಏನಾದರೂ ಆದರೆ ಹಗಲಿನಲ್ಲೇ ಗೊತ್ತಾಗಲಿ. "ರಾತ್ರಿ ರಕ್ತ ಬಂದ್ರೆ ಯಾರಿಗೆ ಫೋನ್ ಮಾಡ್ಬೇಕು ಡಾಕ್ಟ್ರೇ, ಇಲ್ಲಿ ಯಾರು ಇರ್ತಾರೆ?" ಎಂಬುದಕ್ಕೆ ಒಬ್ಬ ಮನುಷ್ಯನ ಹೆಸರು, ಒಂದು ನಂಬರು ಸಿಗದ ನರ್ಸಿಂಗ್ ಹೋಮ್ ಎಷ್ಟೇ ಹೊಳೆಯುತ್ತಿದ್ದರೂ ಬೇಡ.

ಮನೆಗೆ ಬಂದ ಮೇಲೆ ಮೊದಲ ದಿನ ಗಂಟೆಗೊಮ್ಮೆ ಬಿಚ್ಚಿ ನೋಡಿ. ಬಟ್ಟೆಗೆ ನಾಲ್ಕಾಣೆ ಅಗಲದ ಕಲೆ ಸಹಜ. ಹನಿ ಹನಿಯಾಗಿ ಬರುತ್ತಲೇ ಇದ್ದರೆ ಶುದ್ಧ ಗಾಜ್ ಇಟ್ಟು ಎರಡು ಬೆರಳಲ್ಲಿ ಹತ್ತು ನಿಮಿಷ ಒತ್ತಿ ಹಿಡಿಯಿರಿ, ನಡುವೆ ತೆಗೆದು ನೋಡಬೇಡಿ. ಆಗಲೂ ನಿಲ್ಲದಿದ್ದರೆ ಹೊರಡಿ. ಕಾಫಿಪುಡಿ, ಅರಿಸಿನ, ಬೂದಿ ಯಾವುದೂ ಬೇಡ. ಎಂಟು ಗಂಟೆಯಾದರೂ ಉಚ್ಚೆ ಹೊಯ್ಯದಿದ್ದರೆ, ತುದಿ ನೀಲಿ ಅಥವಾ ಕಪ್ಪಾದರೆ, ಜ್ವರ 100.4 ಡಿಗ್ರಿ ಮುಟ್ಟಿದರೆ, ಮಗು ಹಾಲು ಬಿಟ್ಟರೆ ಕಾಯಬಾರದು. ಎರಡು ಮೂರನೇ ದಿನ ತುದಿಯ ಮೇಲೆ ಕಾಣುವ ಹಳದಿ ಪೊರೆ ಮಾಯುವ ಲಕ್ಷಣ, ಉಜ್ಜಿ ತೆಗೆದರೆ ಮತ್ತೆ ರಕ್ತ. ಕೆಂಪು ದಿನದಿಂದ ದಿನಕ್ಕೆ ಹೊಟ್ಟೆಯ ಕಡೆಗೆ ಹರಡಿದರೆ ಇಲ್ಲವೇ ವಾಸನೆ ಬಂದರೆ ಅದು ಸೋಂಕಿನ ಲಕ್ಷಣ. ರಿಂಗ್ ಹಾಕಿದ ಮಗುವಿಗೆ ಮರುದಿನದಿಂದ ಉಗುರುಬೆಚ್ಚಗಿನ ನೀರು ಹಾಕಬಹುದು, ಎಣ್ಣೆ ತಿಕ್ಕುವ ಬಿಸಿನೀರಿನ ಅಭ್ಯಂಜನ ರಿಂಗು ಬಿದ್ದು ಗಾಯ ಒಣಗಿದ ಮೇಲೆ. ಹೊಲಿಗೆಯೋ ಪಟ್ಟಿಯೋ ಇದ್ದರೆ ಡಾಕ್ಟರು ಬಿಚ್ಚುವ ತನಕ ಒಣಗಿಸಿಯೇ ಇಡಬೇಕು.

ಗಾಯ ಮಾಯಿತೆಂದು ಮರೆಯಬೇಡಿ, ಮುಂದಿನ ಲಸಿಕೆಗೆ ಹೋದಾಗ ಡಾಕ್ಟರಿಗೆ ಮತ್ತೊಮ್ಮೆ ತೋರಿಸಿ. ಉಳಿದ ಚರ್ಮ ತುದಿಗೆ ಅಂಟಿಕೊಂಡು ಸೇತುವೆಯಾಗದಿರಲು ಡೈಪರ್ ಬದಲಿಸುವಾಗ ವ್ಯಾಸಲಿನ್ ಹಚ್ಚುತ್ತಿರಿ. ಮಗು ನಿಂತು ಉಚ್ಚೆ ಹೊಯ್ಯುವ ವಯಸ್ಸಿಗೆ ಬಂದಾಗ ಧಾರೆ ಸಣ್ಣದಾಗಿ ಮೇಲಕ್ಕೆ ಚಿಮ್ಮಿದರೆ, ಮುಗಿಯಲು ತುಂಬಾ ಹೊತ್ತು ಹಿಡಿದರೆ, ಮೂತ್ರದ್ವಾರ ಕಿರಿದಾಗಿದೆಯೇ ಎಂದು ಪರೀಕ್ಷೆ ಮಾಡಿಸಬೇಕು.