ಆ ಕಾದಂಬರಿ ಓದಬೇಡಿ ಅಂದಿದ್ದೆ, ಆ ಮಾತು ವಾಪಸ್. ಕಾಂಬೋ ಆಫರ್‌ನಲ್ಲಿ ಪುಸ್ತಕ ತರಿಸುವವರು ದಯವಿಟ್ಟು ಓದಿ

ಹೋದ ತಿಂಗಳು ನಮ್ಮ ಓದುವ ಗುಂಪಿನಲ್ಲಿ, ಮತ್ತೆ ಮೂರು ವಾಟ್ಸಾಪ್ ಗ್ರೂಪ್‌ಗಳಲ್ಲಿ, ‘ದಿ ಲವ್ ಹೈಪಾಥಿಸಿಸ್’ ತಗೋಬೇಡಿ, ದುಡ್ಡು ದಂಡ ಅಂತ ಹೇಳಿದ್ದೆ. ಆ ಮಾತನ್ನು ಇಲ್ಲಿ ಎಲ್ಲರ ಮುಂದೆ ವಾಪಸ್ ತೆಗೆದುಕೊಳ್ಳುತ್ತಿದ್ದೇನೆ. ದುಡ್ಡು ದಂಡ ಆಗಿದ್ದು ನಿಜ. ಆದರೆ ಅದಕ್ಕೆ ಕಾರಣ ಪುಸ್ತಕ ಅಲ್ಲ, ಅದನ್ನು ನನಗೆ ಮಾರಿದವನು. ನನ್ನ ಮಾತು ನಂಬಿ ಇಬ್ಬರು ಆ ಪುಸ್ತಕ ತಗೊಳ್ಳೋದನ್ನೇ ಬಿಟ್ಟರು. ಅವರಿಗೂ ಇದು ತಲುಪಲಿ.

ಇನ್‌ಸ್ಟಾದಲ್ಲಿ ಒಂದು ಪುಸ್ತಕದ ಪೇಜ್. ಮೂರು ಕಾದಂಬರಿಗೆ 499 ರೂಪಾಯಿ, ಇದೂ ಅದರಲ್ಲಿ ಒಂದು, ಡೆಲಿವರಿ ಫ್ರೀ. ಕಡಿಮೆ ಬೆಲೆ ಅಂತ ನನಗೂ ಅನುಮಾನ ಬಂತು. ಬಂದಿದ್ದಕ್ಕೇ ಕೇಳಿದೆ: ‘ಇವು ಒರಿಜಿನಲ್ ತಾನೇ?’ ಎರಡೇ ನಿಮಿಷದಲ್ಲಿ ಉತ್ತರ: ‘100% ಒರಿಜಿನಲ್ ಮೇಡಂ. ಸ್ಟಾಕ್ ಕ್ಲಿಯರೆನ್ಸ್, ಅದಕ್ಕೆ ಈ ರೇಟ್.’ ಆ ಮೆಸೇಜಿನ ಸ್ಕ್ರೀನ್‌ಶಾಟ್ ಈಗಲೂ ನನ್ನ ಹತ್ತಿರ ಇದೆ. ಕ್ಯಾಶ್ ಆನ್ ಡೆಲಿವರಿ ಇಲ್ಲ, ಮೊದಲೇ ಯುಪಿಐ ಮಾಡಬೇಕು ಅಂದರು. ಮಾಡಿದೆ. ಸ್ಕ್ರೀನ್‌ಶಾಟ್ ಇದೆ ಅಂತ ಇನ್ನೂ ಒಂದು ಸಲ ಹೇಳುತ್ತೇನೆ, ಯಾಕೆಂದರೆ ಆಮೇಲೆ ಅವನು ‘ಒರಿಜಿನಲ್ ಅಂತ ನಾವು ಹೇಳೇ ಇಲ್ಲ’ ಅಂದ.

ಪಾರ್ಸೆಲ್ ಬಂತು. ಬಿಚ್ಚಿದ ತಕ್ಷಣ ಗೋಂದಿನ ವಾಸನೆ. ಮುಖಪುಟದ ಬಣ್ಣ ಮಂಕಾಗಿತ್ತು. ಹಿಂದಿನ ಬಾರ್‌ಕೋಡ್‌ನ ಗೆರೆಗಳು ಒಂದಕ್ಕೊಂದು ಅಂಟಿದ್ದವು. ಹಾಳೆ ಎಷ್ಟು ತೆಳು ಅಂದರೆ ದೀಪದ ಕೆಳಗೆ ಹಿಡಿದರೆ ಹಿಂದಿನ ಪುಟದ ಸಾಲುಗಳೂ ಕಾಣುತ್ತಿದ್ದವು. ಅಷ್ಟು ನೋಡಿಯೂ ‘ಹೋಗಲಿ, ಕತೆ ಓದಿದರೆ ಆಯ್ತಲ್ವಾ’ ಅಂದುಕೊಂಡೆ. ಅಲ್ಲೇ ನಾನು ತಪ್ಪಿದ್ದು. ಕತೆಯೇ ಪೂರ್ತಿ ಇರಲಿಲ್ಲ.

ಪುಸ್ತಕ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಬರೆದವರು ಅಲಿ ಹೇಜಲ್‌ವುಡ್. ಅದು ಅವರ ಲೇಖನನಾಮ. ನರವಿಜ್ಞಾನದಲ್ಲಿ ಪಿಎಚ್‌ಡಿ ಮಾಡಿದವರು. ಮೊದಲು ಫ್ಯಾನ್ ಫಿಕ್ಷನ್ ಆಗಿ, ಅಂದರೆ ಬೇರೊಂದು ಕತೆಯ ಪಾತ್ರಗಳನ್ನು ಇಟ್ಟುಕೊಂಡು ಅಭಿಮಾನಿಗಳು ಕಟ್ಟುವ ಕತೆಯಾಗಿ, ನೆಟ್‌ನಲ್ಲಿ ಬರೆದದ್ದು 2021ರಲ್ಲಿ ಕಾದಂಬರಿಯಾಗಿ ಬಂತು. ನಡೆಯುವುದು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ. ಆಲಿವ್ ಅಲ್ಲಿ ಪಿಎಚ್‌ಡಿಯ ಮೂರನೇ ವರ್ಷದಲ್ಲಿರುವ ಹುಡುಗಿ. ತಾಯಿ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ನಿಂದ ಹೋದವರು, ಇವಳ ಸಂಶೋಧನೆಯೂ ಅದೇ ಕಾಯಿಲೆಯ ಮೇಲೆ. ಗೆಳತಿಗೆ ‘ನನಗೆ ಬೇರೆ ಹುಡುಗ ಇದ್ದಾನೆ’ ಅಂತ ನಂಬಿಸಲು, ರಾತ್ರಿ ಲ್ಯಾಬ್‌ನ ಕಾರಿಡಾರ್‌ನಲ್ಲಿ ಎದುರು ಸಿಕ್ಕವನಿಗೆ ಮುತ್ತು ಕೊಟ್ಟುಬಿಡುತ್ತಾಳೆ. ಅವನೇ ಆಡಂ ಕಾರ್ಲ್‌ಸೆನ್, ವಿದ್ಯಾರ್ಥಿಗಳೆಲ್ಲ ಹೆದರುವ ಪ್ರೊಫೆಸರ್. ಅವನಿಗೂ ಒಂದು ತೊಂದರೆ ಇದೆ. ಕೆಲಸ ಬಿಟ್ಟು ಹೋಗುತ್ತಾನೆ ಅನ್ನುವ ಅನುಮಾನದಲ್ಲಿ ವಿಶ್ವವಿದ್ಯಾಲಯ ಅವನ ಸಂಶೋಧನೆಯ ಹಣ ತಡೆಹಿಡಿದಿದೆ. ಇಲ್ಲೇ ಒಬ್ಬ ಹುಡುಗಿ ಇದ್ದಾಳೆ ಅಂದರೆ ಅವನು ಬಿಟ್ಟು ಹೋಗುವುದಿಲ್ಲ ಅಂತ ನಂಬುತ್ತಾರಲ್ಲ, ಅದಕ್ಕೆ ಇಬ್ಬರೂ ಪ್ರೀತಿಸುವ ಹಾಗೆ ನಟಿಸಲು ಒಪ್ಪುತ್ತಾರೆ. ಪ್ರತಿ ಬುಧವಾರ ಎಲ್ಲರಿಗೂ ಕಾಣುವ ಹಾಗೆ ಹತ್ತು ನಿಮಿಷ ಕಾಫಿ.

ನನಗೆ ತುಂಬಾ ಹಿಡಿಸಿತ್ತು. ನಿಜವಾಗಿ. ಬಿಎಂಟಿಸಿ ಬಸ್ಸಿನಲ್ಲಿ ನಿಂತುಕೊಂಡೇ ಓದಿದ್ದೇನೆ. ಲ್ಯಾಬ್‌ನಲ್ಲಿ ಜಾಗ ಕೊಡಿ ಅಂತ ಗುರುತಿಲ್ಲದ ಪ್ರೊಫೆಸರ್‌ಗಳಿಗೆ ಆಲಿವ್ ಮೇಲ್ ಮೇಲೆ ಮೇಲ್ ಹಾಕುತ್ತಾಳಲ್ಲ, ಅದನ್ನು ಓದುವಾಗ ನನ್ನ ತಂಗಿ ಕಣ್ಣ ಮುಂದೆ ಬಂದಳು. ಅವಳೂ ಸಂಶೋಧನಾ ವಿದ್ಯಾರ್ಥಿನಿ. ಸಂಶೋಧನೆ ಮಾಡುವವರಿಗೆ ಕೊಡುವ ಜೆಆರ್‌ಎಫ್ ಫೆಲೋಶಿಪ್ 2023ರಿಂದ ತಿಂಗಳಿಗೆ 37,000 ಆಗಿದೆ, ಆದರೆ ದುಡ್ಡು ಕೈಗೆ ಬರುವುದು ಮಾತ್ರ ತಡ. ಒಮ್ಮೆ ನಾಲ್ಕು ತಿಂಗಳು ಅವಳ ಪಿಜಿ ಬಾಡಿಗೆ ನಾನೇ ಕಟ್ಟಿದ್ದೇನೆ. ಗೈಡ್ ಒಂದು ‘ಹೂಂ’ ಅಂದರೆ ಇಡೀ ವಾರ ಖುಷಿ, ಮುಖ ಗಂಟಿಕ್ಕಿದರೆ ಇಡೀ ವಾರ ಊಟ ಸೇರುವುದಿಲ್ಲ. ಆ ಬದುಕನ್ನು ಇಷ್ಟು ಹಗುರವಾಗಿ, ಇಷ್ಟು ಪ್ರೀತಿಯಿಂದ ಬರೆದ ಇನ್ನೊಂದು ಪ್ರೇಮಕತೆ ನಾನು ಓದಿಲ್ಲ.

ಆಮೇಲೆ ಬಂತು 224ನೇ ಪುಟ.

ಮುಂದಿನ ಭಾಗದಲ್ಲಿ ಕತೆ ಗೊತ್ತಾಗಿಬಿಡುತ್ತದೆ. ಬೇಡ ಅನ್ನುವವರು ನೇರವಾಗಿ ಮಾರಾಟಗಾರನ ಮಾತುಗಳಿಗೆ ಹೋಗಿ.

ಬಾಸ್ಟನ್‌ನಲ್ಲಿ ಸಮ್ಮೇಳನ. ಆಲಿವ್ ಮೊದಲ ಸಲ ವೇದಿಕೆ ಮೇಲೆ ನಿಂತು ತನ್ನ ಕೆಲಸದ ಬಗ್ಗೆ ಮಾತಾಡುತ್ತಾಳೆ. ಹಾರ್ವರ್ಡ್‌ನ ಟಾಮ್ ಬೆಂಟನ್ ತನ್ನ ಲ್ಯಾಬ್‌ನಲ್ಲಿ ಜಾಗ ಕೊಡುತ್ತೇನೆ ಅಂದಿದ್ದಾನೆ. ಎಲ್ಲ ಒಳ್ಳೆಯದೇ ಆಗುತ್ತಿದೆ. ನನ್ನ ಪ್ರತಿಯಲ್ಲಿ ಪಕ್ಕದ ಪುಟಕ್ಕೆ ಬಂದರೆ ಅವಳು ಒಡೆದುಹೋಗಿದ್ದಾಳೆ. ಆಡಂನಿಂದ ದೂರ ಸರಿಯುತ್ತಿದ್ದಾಳೆ, ಹಾರ್ವರ್ಡ್ ಅಂದರೆ ಬೆದರುತ್ತಿದ್ದಾಳೆ, ಯಾರಿಗೂ ಏನೂ ಹೇಳುವುದಿಲ್ಲ. ಯಾಕೆ? ಕಾರಣವೇ ಇಲ್ಲ. 224ನೇ ಪುಟದ ಕೊನೆಯ ಸಾಲು ಪೂರ್ಣವಿರಾಮದಲ್ಲಿ ಮುಗಿದಿತ್ತು. ಮುಂದಿನದು ಹೊಸ ಪ್ಯಾರಾದಿಂದ ಶುರುವಾಗಿತ್ತು. ಕಣ್ಣಿಗೆ ಎಲ್ಲೂ ತಡೆಯಲಿಲ್ಲ. ಕತೆ ಓದುವಾಗ ಕೆಳಗಿನ ನಂಬರ್ ಯಾರು ನೋಡುತ್ತಾರೆ? ಇನ್ನೊಂದು ಇಪ್ಪತ್ತು ಪುಟ ಓದಿ ಸಿಟ್ಟಿನಿಂದ ಮುಚ್ಚಿಬಿಟ್ಟೆ. ಅಷ್ಟು ಚೆನ್ನಾಗಿ ಶುರು ಮಾಡಿ ಹೀಗೆ ಕೆಡಿಸಿದರಲ್ಲ ಅಂತ ಲೇಖಕಿಯ ಮೇಲೆ ಸಿಟ್ಟು. ಅದೇ ಸಿಟ್ಟಿನಲ್ಲಿ ಗ್ರೂಪ್‌ಗಳಿಗೆಲ್ಲ ಮೆಸೇಜ್ ಹಾಕಿದ್ದು.

ಆ ಭಾನುವಾರ ಕಬ್ಬನ್ ಪಾರ್ಕ್‌ನಲ್ಲಿ ಆರು ಜನ ಸೇರಿದ್ದೆವು. ನನ್ನ ಸರದಿ ಬಂದಾಗ ಜೋರಾಗಿಯೇ ಹೇಳಿದೆ. ‘ಇವಳಿಗೆ ತಲೆ ನೆಟ್ಟಗಿಲ್ಲ. ಲ್ಯಾಬ್ ಸಿಕ್ಕಿದೆ, ಹುಡುಗ ಸಿಕ್ಕಿದ್ದಾನೆ, ಸುಮ್ನೆ ಅಳ್ತಾಳೆ. ಇಂಥ ಹುಡುಗಿಯರಿಗೆ ಏನು ಕೊಟ್ಟರೂ ಅಷ್ಟೇ.’ ಹೌದು, ಹಾಗೇ ಅಂದೆ.

ಯಾರೂ ಮಾತಾಡಲಿಲ್ಲ. ನಮ್ಮ ಗುಂಪಿನಲ್ಲಿ ಪಿಎಚ್‌ಡಿ ಅರ್ಧಕ್ಕೆ ಬಿಟ್ಟ ಒಬ್ಬ ಗೆಳತಿ ಇದ್ದಾಳೆ. ಯಾಕೆ ಬಿಟ್ಟಳು ಅನ್ನುವುದು ನಮಗೆಲ್ಲ ಗೊತ್ತು, ಅದನ್ನು ಇಲ್ಲಿ ಬರೆಯುವುದಿಲ್ಲ. ಅವಳು ಕೈಯಲ್ಲಿದ್ದ ಕಡಲೆಕಾಯಿ ಪೊಟ್ಟಣ ಹುಲ್ಲಿನ ಮೇಲಿಟ್ಟಳು. ನನ್ನ ಮುಖ ನೋಡಲಿಲ್ಲ. ‘ಟಾಮ್ ಅವಳಿಗೆ ಏನಂದ ಅಂತ ಓದಿದ ಮೇಲೂ ನೀನು ಹೀಗೆ ಹೇಳ್ತೀಯಾ?’ ಅಂದಳು.

ನಾನು ಕೇಳಿದೆ: ‘ಟಾಮ್ ಏನಂದ?’

ಅವಳು ನಾನು ನಾಟಕ ಆಡುತ್ತಿದ್ದೇನೆ ಅಂದುಕೊಂಡಳು. ಎದ್ದು ಹೊರಟೇಬಿಟ್ಟಳು. ನಾನು ಹಿಂದೆ ಓಡಿ, ನನ್ನ ಪುಸ್ತಕ ಅವಳ ಕೈಗೆ ಕೊಟ್ಟು, ಎಲ್ಲಿದೆ ತೋರಿಸು ಅಂದೆ. ಅವಳು ಹುಡುಕಿದಳು. ಮುಂದೆ ತಿರುಗಿಸಿದಳು, ಹಿಂದೆ ತಿರುಗಿಸಿದಳು. ಆಮೇಲೆ ಕೆಳಗಿನ ನಂಬರ್ ಮೇಲೆ ಬೆರಳಿಟ್ಟಳು. 224. ಪಕ್ಕದ್ದು 257.

ಮೂವತ್ತೆರಡು ಪುಟ ಇಲ್ಲ.

ಅವಳ ಪ್ರತಿಯಲ್ಲಿ ಅಲ್ಲೇ ಬೆಂಚಿನ ಮೇಲೆ ಕೂತು ಓದಿದೆ. ಭಾಷಣ ಮುಗಿಸಿದ ಆಲಿವ್ ಹತ್ತಿರ ಟಾಮ್ ಕೆಟ್ಟದಾಗಿ ನಡೆದುಕೊಳ್ಳುತ್ತಾನೆ. ಅವಳು ಒಪ್ಪದಿದ್ದಾಗ, ನಿನಗೆ ಈ ಅವಕಾಶ ಸಿಕ್ಕಿದ್ದೇ ಆಡಂ ಜೊತೆ ಇರುವುದಕ್ಕೆ ಅನ್ನುತ್ತಾನೆ. ಹೇಳಿದರೆ ಯಾರೂ ನಂಬುವುದಿಲ್ಲ ಅನ್ನುತ್ತಾನೆ. ಅವನು ಆಡಂನ ಹಳೆಯ ಗೆಳೆಯ ಬೇರೆ. ಇಡೀ ಕಾದಂಬರಿ ನಿಂತಿರುವುದೇ ಆ ಪುಟಗಳ ಮೇಲೆ. ಅವು ಇಲ್ಲದೆ ಓದಿದರೆ ಆಲಿವ್ ಕಾರಣವಿಲ್ಲದೆ ಅಳುವ ಹುಡುಗಿ. ನಾನು ಅವಳನ್ನು ಹಾಗೇ ಕರೆದೆ. ಅದೂ ಯಾರ ಎದುರಿಗೆ! ‘ಯಾರೂ ನಂಬುವುದಿಲ್ಲ’ ಅನ್ನುವ ಮಾತನ್ನು ನಿಜವಾಗಿ ಕೇಳಿಸಿಕೊಂಡ ಹುಡುಗಿಯ ಎದುರಿಗೆ. ಅವಳ ಕ್ಷಮೆ ಕೇಳಿದ್ದೇನೆ. ‘ನಿನ್ನ ತಪ್ಪಲ್ಲ ಬಿಡೇ’ ಅಂದಳು. ಆದರೆ ಆ ಮೌನ ನನಗೆ ಮರೆಯಲಾಗುತ್ತಿಲ್ಲ.

ಮೈಸೂರಿನ ಪ್ರೆಸ್ ಒಂದರಲ್ಲಿ ಬಹಳ ವರ್ಷ ಬೈಂಡಿಂಗ್ ಕೆಲಸ ಮಾಡಿದ ದೊಡ್ಡಪ್ಪನಿಗೆ ಫೋಟೋ ಕಳಿಸಿದೆ. ತಕ್ಷಣ ಫೋನ್ ಮಾಡಿದರು. ‘ಎರಡು ಫಾರಂ ಬಿಟ್ಟುಹೋಗಿದೆ ಕಣಮ್ಮ. ಫಾರಂ ಅಂದರೆ ದೊಡ್ಡ ಹಾಳೆ ಮಡಚಿ ಮಾಡಿದ ಕಂತೆ, ಒಂದಕ್ಕೆ ಹದಿನಾರು ಪುಟ. ಹದಿನಾಲ್ಕು ಫಾರಂಗೆ ಸರಿಯಾಗಿ 224. ನಿನ್ನ ಪುಸ್ತಕದಲ್ಲಿ ಹದಿನೈದು, ಹದಿನಾರನೆಯದು ಇಲ್ಲ. ಜೋಡಿಸುವಾಗ ಎತ್ತಿಕೊಂಡಿಲ್ಲ.’ ಒಳ್ಳೆಯ ಪ್ರೆಸ್‌ನಲ್ಲೂ ಒಮ್ಮೊಮ್ಮೆ ಹೀಗಾಗುತ್ತದಂತೆ. ಆದರೆ ಅಲ್ಲಿ ಹೊರಗೆ ಹೋಗುವ ಮುಂಚೆ ನೋಡುವವರು ಇರುತ್ತಾರೆ, ತಪ್ಪಿ ಹೋದರೂ ಅಂಗಡಿಯವರು ಬದಲಿ ಪ್ರತಿ ಕೊಡುತ್ತಾರೆ. ‘ಇದು ಕಳ್ಳ ಪ್ರಿಂಟು. ಇದಕ್ಕೆ ಅಪ್ಪ ಅಮ್ಮ ಯಾರೂ ಇಲ್ಲ’ ಅಂದರು.

ಈಗ ಆ ಮಾರಾಟಗಾರನ ಮಾತುಗಳು. ಸಂಜೆಯೇ 224 ಮತ್ತು 257 ಅಕ್ಕಪಕ್ಕ ಕಾಣುವ ಫೋಟೋ ಕಳಿಸಿದೆ.

ಮೊದಲ ಉತ್ತರ: ‘ಅನ್‌ಬಾಕ್ಸಿಂಗ್ ವೀಡಿಯೊ ಇದ್ಯಾ ಮೇಡಂ?’ ಇಲ್ಲ ಅಂದೆ. ‘ವೀಡಿಯೊ ಇಲ್ಲದೆ ರಿಟರ್ನ್ ಇಲ್ಲ. ಪೇಜ್ ನೀವೇ ಕಿತ್ತಿರಬಹುದು.’ ನಾನೇ ಕಿತ್ತಿರಬಹುದಂತೆ! ಮೂವತ್ತೆರಡು ಪುಟ! ಕಿತ್ತರೆ ಬುಡದಲ್ಲಿ ಗುರುತು ಉಳಿಯುತ್ತೆ, ಗೋಂದು ಬಿಟ್ಟಿರುತ್ತೆ. ಎಲ್ಲಿದೆ ಗುರುತು ತೋರಿಸಿ ಅಂತ ಹತ್ತಿರದ ಫೋಟೋ ಹಾಕಿದೆ. ಒಂದು ದಿನ ಉತ್ತರ ಇಲ್ಲ.

ಆಮೇಲೆ: ‘ಕತೆ ಅರ್ಥ ಆಯ್ತಲ್ವಾ ಮೇಡಂ? ಎಂಡಿಂಗ್ ಇದ್ಯಲ್ವಾ?’

ಈ ಸಾಲನ್ನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ಪುಸ್ತಕ ಮಾರುವವನು ಕೇಳುವ ಮಾತಾ ಇದು? ಕತೆ ಅರ್ಥ ಆಗಲಿಲ್ಲ ಕಣಯ್ಯಾ, ಅದಕ್ಕೇ ತಾನೇ ನಾನು ಒಬ್ಬಳ ಮನಸ್ಸು ನೋಯಿಸಿ ಬಂದದ್ದು.

‘ಆ ಪುಟಗಳ ಪಿಡಿಎಫ್ ಕಳಿಸ್ತೀನಿ, ಅಡ್ಜಸ್ಟ್ ಮಾಡ್ಕೊಳ್ಳಿ’ ಅಂದ. ಅದೂ ಕದ್ದದ್ದೇ. ಬೇಡ, ದುಡ್ಡು ವಾಪಸ್ ಕೊಡಿ ಅಂದೆ. ಆಗ ಅದು ನಕಲಿ, ಅವರ ಭಾಷೆಯಲ್ಲಿ ‘ಫಸ್ಟ್ ಕಾಪಿ’, ಅಂತ ಒಪ್ಪಿಕೊಂಡ: ‘ಈ ರೇಟಿಗೆ ಎಲ್ಲರೂ ಕೊಡೋದು ಫಸ್ಟ್ ಕಾಪಿನೇ. ಒರಿಜಿನಲ್ ಅಂತ ನಾವು ಹೇಳೇ ಇಲ್ಲ.’ ಅವನದೇ ಮೆಸೇಜಿನ ಸ್ಕ್ರೀನ್‌ಶಾಟ್ ಅವನಿಗೇ ಕಳಿಸಿದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 63ನೇ ಸೆಕ್ಷನ್ ಪ್ರಕಾರ ಇದಕ್ಕೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷದವರೆಗೆ ದಂಡ ಇದೆ ಅಂತ ಬರೆದೆ. ‘ಒಂದು ಬುಕ್ಕಿಗೆ 166 ರೂಪಾಯಿ ಬೀಳುತ್ತೆ. ಅದಕ್ಕೆ ಕೇಸ್ ಹಾಕ್ತೀರಾ? ಹಾಕಿ ಮೇಡಂ, ಆಲ್ ದಿ ಬೆಸ್ಟ್’ ಅಂತ ಕೊನೆಯ ಮೆಸೇಜ್. ಆಮೇಲೆ ಬ್ಲಾಕ್.

166 ರೂಪಾಯಿ ಮುಖ್ಯ ಅಲ್ಲ. ಅದರಲ್ಲಿ ಒಂದು ಪೈಸೆಯೂ ಬರೆದವರಿಗೆ ಹೋಗಿಲ್ಲ. ಮೇಲಿಂದ ಅವರ ಹೆಸರನ್ನು ನಾನೇ ಕೆಡಿಸಿದೆ. ನನ್ನ ಪ್ರತಿಯ ಜೊತೆಯಲ್ಲೇ ಬೈಂಡ್ ಆದ ಇನ್ನೂ ಎಷ್ಟು ಪ್ರತಿಗಳಲ್ಲಿ ಆ ಪುಟಗಳು ಇಲ್ಲವೋ. ಎಷ್ಟು ಜನ ನನ್ನ ಹಾಗೇ ‘ಸುಮ್ನೆ ಅಳ್ತಾಳೆ’ ಅಂತ ಪುಸ್ತಕ ಮುಚ್ಚಿದರೋ.

ತರಿಸುವವರು ಇಷ್ಟು ಮಾಡಿ. ಪಾರ್ಸೆಲ್ ಒಡೆಯುವಾಗ ಫೋನ್‌ನಲ್ಲಿ ವೀಡಿಯೊ ತೆಗೆಯಿರಿ. ನನಗೆ ನಾಚಿಕೆ ಆಗಿ ತೆಗೆಯಲಿಲ್ಲ, ಅವನು ಹಿಡಿದದ್ದೇ ಅದನ್ನು. ಓದುವ ಮುಂಚೆ ಕೆಳಗಿನ ನಂಬರ್ ನೋಡುತ್ತಾ ಒಂದು ಸಲ ಪೂರ್ತಿ ಪುಟ ತಿರುಗಿಸಿ, ಐದು ನಿಮಿಷ ಸಾಕು. ಬಾರ್‌ಕೋಡ್ ಮತ್ತು ಪ್ರಕಾಶಕರ ವಿವರ ಇರುವ ಪುಟದ ಫೋಟೋ ಮೊದಲೇ ಕೇಳಿ. ನಾನು ಕೇಳಿದ್ದು ಬರೀ ಬಾಯಿಮಾತು. ಮೋಸ ಆಗಿದ್ದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ನಾನೂ ದೂರು ಕೊಟ್ಟಿದ್ದೇನೆ, ನಂಬರ್ ಬಂದಿದೆ, ಅದು ಇತ್ಯರ್ಥ ಆಗುವವರೆಗೆ ಪೇಜ್‌ನ ಹೆಸರು ಇಲ್ಲಿ ಬರೆಯುವುದಿಲ್ಲ. ದುಡ್ಡು ಕಡಿಮೆ ಇದ್ದರೆ ಗೆಳೆಯರ ಹತ್ತಿರ ಇಸ್ಕೊಂಡು ಓದಿ, ಇಲ್ಲಾ ಹಳೆಯ ಅಸಲಿ ಪ್ರತಿ ತಗೊಳ್ಳಿ. ಆ ಕಾಂಬೋ ಮಾತ್ರ ಬೇಡ.

ಪುಸ್ತಕವನ್ನು ಅಂಗಡಿಯಲ್ಲಿ ಮತ್ತೆ ಕೊಂಡು ಮೊದಲಿಂದ ಓದಿದೆ. ಆಡಂ ಎಷ್ಟು ಎತ್ತರ, ಎಷ್ಟು ದೊಡ್ಡ ಮೈಕಟ್ಟು ಅಂತ ಹೇಳಿದ್ದನ್ನೇ ಹೇಳುವುದು ಜಾಸ್ತಿ ಆಯಿತು ಅನ್ನಿಸಿತು. ಇಬ್ಬರೂ ಬಾಯಿಬಿಟ್ಟು ಒಂದು ಮಾತು ಆಡಿದ್ದರೆ ಎಷ್ಟೋ ಗೊಂದಲ ಇರುತ್ತಿರಲಿಲ್ಲ. ಆದರೆ ಟಾಮ್‌ನ ಮಾತು ಆಲಿವ್‌ನ ಫೋನ್‌ನಲ್ಲೇ ರೆಕಾರ್ಡ್ ಆಗಿತ್ತು ಅಂತ ಗೊತ್ತಾಗುವ ಜಾಗದಲ್ಲಿ ನಾನು ಅತ್ತುಬಿಟ್ಟೆ. ಓದಿ, ಖಂಡಿತ ಓದಿ. ಪೂರ್ತಿ ಇರುವುದನ್ನು ಓದಿ.

ಇವತ್ತು ಬೆಳಿಗ್ಗೆ ತಂಗಿಯ ಫೋನ್‌ನಲ್ಲಿ ಆ ಪೇಜ್ ತೆಗೆದು ನೋಡಿದೆ. ‘ಹೊಸ ಸ್ಟಾಕ್ ಬಂದಿದೆ’ ಅಂತ ಹಾಕಿದ್ದಾನೆ. ಮೊದಲ ಫೋಟೋ ಇದೇ ಪುಸ್ತಕದ್ದು. ಈಗ ಮೂರಕ್ಕೆ 449. ಕೆಳಗೆ ಒಂದು ಹುಡುಗಿ ‘ಒರಿಜಿನಲ್ ಅಲ್ವಾ ಅಣ್ಣ?’ ಅಂತ ಕೇಳಿದ್ದಾಳೆ. ಅವನು ‘100%’ ಅಂತ ಬರೆದಿದ್ದಾನೆ.