ಎಸ್‌ಎಂಎಸ್, ಆ್ಯಪ್, ಯುಎಸ್‌ಬಿ ಕೀ: ನಾನು ಮೂರನೆಯದರ ಪಕ್ಷ

ಮೊದಲೇ ಹೇಳಿಬಿಡುತ್ತೇನೆ: ಕ್ಲೌಡ್ ಖಾತೆಗಳ (ಇಂಟರ್ನೆಟ್ ಮೂಲಕ ಸರ್ವರ್ ಬಾಡಿಗೆಗೆ ಪಡೆಯುವ ಖಾತೆಗಳ) ಲಾಗಿನ್‌ಗೆಂದು ಕೊಂಡ ಯುಎಸ್‌ಬಿ ಸೆಕ್ಯುರಿಟಿ ಕೀ, ಅಂದರೆ ಲಾಗಿನ್ ಆಗುತ್ತಿರುವುದು ನಾನೇ ಎಂದು ಸಾಬೀತುಪಡಿಸಲು ಕಂಪ್ಯೂಟರಿಗೆ ಸಿಕ್ಕಿಸುವ ಪುಟ್ಟ ಸಾಧನ, ನನಗೆ ಹಿಡಿಸಿದೆ, ಕೊಟ್ಟ ಹಣಕ್ಕೆ ಬೇಸರವಿಲ್ಲ. ಹಾಗಾಗಿ ಇಲ್ಲಿ ನಿಷ್ಪಕ್ಷಪಾತ ನಿರೀಕ್ಷಿಸಬೇಡಿ. ಚಿಕ್ಕಮಗಳೂರಿನಲ್ಲಿ ಕುಳಿತು ಹೋಂಸ್ಟೇಗಳ ಬುಕಿಂಗ್ ಜಾಲತಾಣ, ಕಾಫಿಪುಡಿ ಮಾರುವವರ ಆನ್‌ಲೈನ್ ಅಂಗಡಿ, ಅವುಗಳ ಹಿಂದಿನ ಸರ್ವರ್ ನೋಡಿಕೊಳ್ಳುವುದು ನನ್ನ ಕಸುಬು. ಗಿರಾಕಿಗಳು ಆಲ್ದೂರು, ಮೂಡಿಗೆರೆ, ಬಾಳೆಹೊನ್ನೂರು ಕಡೆಯವರು. ಪಾಸ್‌ವರ್ಡ್ ಜೊತೆಗೆ ಎರಡನೆಯ ಹಂತವಾಗಿ ಎಸ್‌ಎಂಎಸ್ ಒಟಿಪಿ, ಮೊಬೈಲಿನ ಅಥೆಂಟಿಕೇಟರ್ ಆ್ಯಪ್, ಈ ಕೀ ಮೂರನ್ನೂ ಬಳಸಿದ್ದೇನೆ. ಊರು ಬೇರೆಯಾದರೆ ತೀರ್ಮಾನವೂ ಬೇರೆಯಾದೀತು.

ಎಸ್‌ಎಂಎಸ್ ಮೇಲೆ ನನಗಿರುವ ಸಿಟ್ಟನ್ನು ಮೊದಲು ತೀರಿಸಿಕೊಳ್ಳುತ್ತೇನೆ. ದಿನನಿತ್ಯದ ಕೆಲಸಕ್ಕೆ ನನಗೆ ಪ್ರತ್ಯೇಕ ಬಳಕೆದಾರ ಖಾತೆ ಇದೆ, ಅದರ ಅಧಿಕಾರವೂ ಮಿತವಾಗಿದೆ. ಆದರೆ ಬಿಲ್ಲು ಕಟ್ಟುವ ಮೂಲ ಖಾತೆ, ಡೊಮೇನ್ (ಜಾಲತಾಣದ ಹೆಸರಿನ) ನೋಂದಣಿ ಇವೆಲ್ಲ ಮಾಲೀಕರ ಮೊಬೈಲ್ ನಂಬರಿಗೆ ಅಂಟಿಕೊಂಡಿರುತ್ತವೆ. ಒಟಿಪಿ ಹೋಗುವುದು ಅವರ ಫೋನಿಗೆ. ಆ ಫೋನು ಇರುವುದು ಸಿಲ್ವರ್ ಓಕ್ ಮರಗಳ ನಡುವಿನ ತೋಟದ ಮನೆಯಲ್ಲಿ. ಮನೆಗೆ ಫೈಬರ್ ಇಂಟರ್ನೆಟ್ ಬಂದಿದೆ, ವಾಟ್ಸ್‌ಆ್ಯಪ್ ಕರೆ ಪಕ್ಕದಲ್ಲೇ ನಿಂತು ಮಾತಾಡಿದಷ್ಟು ಸ್ಪಷ್ಟ. ಎಸ್‌ಎಂಎಸ್‌ಗೆ ಮಾತ್ರ ಟವರ್ ಬೇಕು. ಟವರ್ ಬದಲು ವೈಫೈ ಬಳಸುವ ವೈಫೈ ಕಾಲಿಂಗ್ ಇರುವ ಫೋನಿಗೆ ಒಮ್ಮೊಮ್ಮೆ ಬರುತ್ತದೆ, ಒಮ್ಮೊಮ್ಮೆ ಇಲ್ಲ.

ದಸರಾ ರಜೆಯ ಬುಕಿಂಗ್ ಭರಾಟೆಯಲ್ಲಿ ಆಲ್ದೂರು ಕಡೆಯ ಹೋಂಸ್ಟೇಯೊಂದರ ಜಾಲತಾಣ ನಿಂತುಹೋಯಿತು. ಬಿಲ್ಲು ಕಟ್ಟಲು ಬಳಸುತ್ತಿದ್ದ ಕಾರ್ಡಿನ ಅವಧಿ ಮುಗಿದಿತ್ತು, ಮೂಲ ಖಾತೆಗೇ ಹೋಗಬೇಕಿತ್ತು. ಮಾಲೀಕರಿಗೆ ವಾಟ್ಸ್‌ಆ್ಯಪ್ ಕರೆ ಮಾಡಿ, "ಸಾಹುಕಾರರೇ, ನಿಮಗೊಂದು ನಂಬರ್ ಬಂದಿರಬೇಕು, ನೋಡಿ" ಎಂದೆ. "ತಡೆಯಿರಿ ಮಾರಾಯರೇ, ಕಣಕ್ಕೆ ಹೋಗಿ ನೋಡುತ್ತೇನೆ" ಎಂದರು. ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ, ನೀರಿನ ಟ್ಯಾಂಕಿನ ಪಕ್ಕ ಮಾತ್ರ ಅವರಿಗೆ ಎರಡು ಕಡ್ಡಿ ಸಿಗ್ನಲ್. ಅಲ್ಲಿಗೆ ಹೋದೊಡನೆ ವೈಫೈ ತಪ್ಪಿ ನನ್ನ ಕರೆ ಕಡಿಯಿತು. ಒಟಿಪಿ ಬಂತು. ಅವರು ಮನೆಗೆ ವಾಪಸಾಗಿ ಅದನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವಷ್ಟರಲ್ಲಿ ಅದರ ಅವಧಿ ಮುಗಿದಿತ್ತು. ಮತ್ತೆ ಕೇಳಿದರೆ ಎರಡು ಒಟಿಪಿ ಒಟ್ಟಿಗೆ ಬಂದು, ಹಳೆಯದು ಯಾವುದು ಹೊಸದು ಯಾವುದು ಎಂಬ ಪಂಚಾಯಿತಿ. ಕೊನೆಗೆ ತಪ್ಪು ನಂಬರ್ ಹೆಚ್ಚಾಯಿತೆಂದು ಖಾತೆಯೇ ಸ್ವಲ್ಪ ಹೊತ್ತು ಬಾಗಿಲು ಹಾಕಿಕೊಂಡಿತು. ಜುಲೈ ತಿಂಗಳಲ್ಲಾದರೆ ಕರೆಂಟ್ ಹೋಗಿ ಟವರಿನ ಬ್ಯಾಟರಿಯೂ ಬರಿದಾಗಿರುತ್ತದೆ, ಆಗ ಕಣಕ್ಕೆ ಹೋದರೂ ಪ್ರಯೋಜನವಿಲ್ಲ.

ಇದು ಬರೀ ಕಿರಿಕಿರಿಯಾಗಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಒಟಿಪಿ ಯಾರಿಗೂ ಹೇಳಬೇಡಿ ಎಂದು ಬ್ಯಾಂಕುಗಳು ವರ್ಷಗಟ್ಟಲೆ ಹೇಳಿಕೊಂಡು ಬಂದಿವೆ. ಈ ಏರ್ಪಾಟಿನಲ್ಲಿ ಪ್ರತಿ ಸಲವೂ ಹೇಳಲೇಬೇಕು. ನಾಳೆ ಬೇರೊಬ್ಬ ನನ್ನ ಹೆಸರು ಹೇಳಿಕೊಂಡು ಅವಸರದ ದನಿಯಲ್ಲಿ ಕೇಳಿದರೂ ಸಾಹುಕಾರರು ಕಣಕ್ಕೆ ಹೋಗುತ್ತಾರೆ, ನಂಬರ್ ತಂದು ಕೊಡುತ್ತಾರೆ. ಮಾಲೀಕರ ಹೆಸರಿನಲ್ಲಿ ಡುಪ್ಲಿಕೇಟ್ ಸಿಮ್ ಪಡೆಯುವ ಕಳ್ಳರ ಕಥೆ ಬೇರೆಯೇ ಇದೆ. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2017ರ ಮಾರ್ಗಸೂಚಿಯಲ್ಲೇ ಫೋನ್ ಜಾಲದ ಮೂಲಕ ಬರುವ ಒಟಿಪಿಯನ್ನು ನಿರ್ಬಂಧಿತ ವರ್ಗಕ್ಕೆ ಸೇರಿಸಿತ್ತು.

ಆ್ಯಪ್ ಇದಕ್ಕಿಂತ ಎಷ್ಟೋ ಮೇಲು, ಹಣವೂ ಬೇಡ. ಮೊದಲ ದಿನ ಸ್ಕ್ಯಾನ್ ಮಾಡುವ ಕ್ಯೂಆರ್ ಕೋಡ್‌ನಲ್ಲಿ ಒಂದು ಗುಟ್ಟಿನ ಸಂಖ್ಯೆ ಇರುತ್ತದೆ. ಆ ಗುಟ್ಟು ಮತ್ತು ಗಡಿಯಾರದ ಸಮಯ ಎರಡನ್ನೂ ಸೇರಿಸಿ ಫೋನು ಒಂದು ಕಡೆ, ಸರ್ವರ್ ಇನ್ನೊಂದು ಕಡೆ ಒಂದೇ ಲೆಕ್ಕ ಮಾಡುತ್ತವೆ. ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಆರಂಕಿ ಬದಲಾಗುತ್ತದೆ. ಈ ವಿಧಾನದ ಮಾನಕ ಪ್ರಕಟವಾದದ್ದು 2011ರಲ್ಲಿ. ಲೆಕ್ಕ ಫೋನಿನೊಳಗೇ ನಡೆಯುವುದರಿಂದ ಕೊಟ್ಟಿಗೆಹಾರದ ಮಂಜಿನಲ್ಲಿ ಸಿಗ್ನಲ್ ಸೊನ್ನೆಯಾದರೂ ನಂಬರ್ ಸಿಗುತ್ತದೆ. ಫೋನಿನ ಸಮಯ ತಾನಾಗಿಯೇ ಹೊಂದಿಕೊಳ್ಳುವಂತೆ ಇಟ್ಟಿರಬೇಕು, ಅಷ್ಟೇ. ಫೋನ್ ಕಳೆದರೆ ಏನು ಗತಿ ಎನ್ನುವವರು ಖಾತೆ ಕೊಡುವ ರಿಕವರಿ ಕೋಡ್‌ಗಳನ್ನು ಮುದ್ರಿಸಿ ಬೀರುವಿನಲ್ಲಿಡಬೇಕು.

ಆದರೆ ಆ್ಯಪ್‌ಗೆ ತಾನು ಯಾರ ಮುಂದೆ ನಿಂತಿದ್ದೇನೆಂದು ಗೊತ್ತಾಗುವುದಿಲ್ಲ. ವಂಚಕ ಅಸಲಿಯಂತೆಯೇ ಕಾಣುವ ಲಾಗಿನ್ ಪುಟ ಕಟ್ಟುತ್ತಾನೆ. ನಾವು ಅಲ್ಲಿ ಪಾಸ್‌ವರ್ಡ್ ಬರೆದ ಕ್ಷಣವೇ ಅವನ ಯಂತ್ರ ಅದನ್ನು ಅಸಲಿ ಜಾಲತಾಣಕ್ಕೆ ದಾಟಿಸುತ್ತದೆ, ಅಲ್ಲಿಂದ ಆರಂಕಿ ಕೇಳಿದರೆ ನಮ್ಮನ್ನೂ ಆರಂಕಿ ಕೇಳುತ್ತದೆ. ಅರ್ಧ ನಿಮಿಷ ಅವನಿಗೆ ಧಾರಾಳವಾಯಿತು. "ನಿಮ್ಮ ಸರ್ವರ್ ಇಂದು ರಾತ್ರಿ ಸ್ಥಗಿತವಾಗಲಿದೆ" ಎಂಬ ಇಮೇಲ್ ಬಂದಾಗ ವಿಳಾಸದ ಅಕ್ಷರ ಅಕ್ಷರ ಓದುವ ವ್ಯವಧಾನ ಯಾರಿಗಿರುತ್ತದೆ?

ಕೀ ಗೆಲ್ಲುವುದು ಇಲ್ಲೇ. ಖಾತೆಗೆ ಜೋಡಿಸುವಾಗ ಅದು ಆ ಜಾಲತಾಣಕ್ಕೆಂದೇ ಒಂದು ಜೋಡಿ ಗೂಢಲಿಪಿ ಕೀಲಿ ಮಾಡುತ್ತದೆ. ಸಾರ್ವಜನಿಕ ಭಾಗ ಜಾಲತಾಣಕ್ಕೆ ಹೋಗುತ್ತದೆ, ಡಿಜಿಟಲ್ ಸಹಿ ಹಾಕುವ ಖಾಸಗಿ ಭಾಗ ಆ ಪುಟ್ಟ ಸಾಧನದಿಂದ ಹೊರಗೆ ಬರುವುದಿಲ್ಲ. ಲಾಗಿನ್ ಆಗುವಾಗ ಯಾವ ವಿಳಾಸದಲ್ಲಿದ್ದೇವೆ ಎಂಬುದನ್ನು ಬ್ರೌಸರ್ ಅದಕ್ಕೆ ತಿಳಿಸುತ್ತದೆ. ವಿಳಾಸದಲ್ಲಿ ಒಂದಕ್ಷರ ಬೇರೆಯಿದ್ದರೂ ಅಸಲಿ ಖಾತೆಗೆ ಬೇಕಾದ ಸಹಿ ಹೊರಡುವುದಿಲ್ಲ. ನಮ್ಮ ಕಣ್ಣು ಮೋಸ ಹೋದರೂ ಕೀ ಹೋಗುವುದಿಲ್ಲ. ಇದರ ಹಿಂದಿನ ವೆಬ್‌ಆಥನ್ ಮಾನಕವನ್ನು ವೆಬ್‌ನ ಮಾನಕಗಳನ್ನು ರೂಪಿಸುವ ಸಂಸ್ಥೆ ಡಬ್ಲ್ಯೂ3ಸಿ 2019ರ ಮಾರ್ಚ್‌ನಲ್ಲಿ ಅಂಗೀಕರಿಸಿತು. 2022ರಲ್ಲಿ ಒಂದೇ ಬಗೆಯ ನಕಲಿ ಲಾಗಿನ್ ಪುಟಗಳ ದಾಳಿ ಟ್ವಿಲಿಯೋ ಮತ್ತು ಕ್ಲೌಡ್‌ಫ್ಲೇರ್ ಎಂಬ ಎರಡು ಇಂಟರ್ನೆಟ್ ಸೇವಾ ಕಂಪನಿಗಳ ಮೇಲೂ ನಡೆಯಿತು. ಟ್ವಿಲಿಯೋದಲ್ಲಿ ಗ್ರಾಹಕರ ಮಾಹಿತಿಯವರೆಗೂ ಕಳ್ಳರು ತಲುಪಿದರು. ಕ್ಲೌಡ್‌ಫ್ಲೇರ್‌ನಲ್ಲಿ ಮೂವರು ನೌಕರರು ಪಾಸ್‌ವರ್ಡ್ ಕೊಟ್ಟೇಬಿಟ್ಟಿದ್ದರು, ಆದರೂ ಕಳ್ಳರು ಒಳಹೋಗಲಾಗಲಿಲ್ಲ, ಏಕೆಂದರೆ ಅಲ್ಲಿ ಎಲ್ಲರ ಬಳಿ ಕೀ ಇತ್ತು. ಇದನ್ನು ಓದಿದ ಮೇಲೇ ನಾನು ಹಣ ಬಿಚ್ಚಿದ್ದು.

ನಡುವೆ ಒಂದು ಮಾತು: ಲಾಗಿನ್ ಆಗುವಾಗ ಫೋನಿಗೆ ಬರುವ "ಒಪ್ಪುತ್ತೀರಾ?" ಸೂಚನೆಯನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. 2022ರಲ್ಲಿ ಊಬರ್‌ನ ಗುತ್ತಿಗೆ ಕೆಲಸಗಾರನೊಬ್ಬನಿಗೆ ಇಂಥ ಸೂಚನೆಗಳನ್ನು ಮೇಲಿಂದ ಮೇಲೆ ಕಳಿಸಿಯೇ ಕಳ್ಳ ಒಳಹೊಕ್ಕಿದ್ದ.

ಸಾಹುಕಾರರ ಕಣದ ಓಡಾಟವೂ ಕೀ ಬಂದ ಮೇಲೆ ನಿಂತಿತು. ಅಮೆಜಾನ್ ಕ್ಲೌಡ್‌ನಲ್ಲಿ 2022ರ ನವೆಂಬರ್‌ನಿಂದ ಮೂಲ ಖಾತೆಗಾಗಲಿ ಒಂದು ಬಳಕೆದಾರ ಖಾತೆಗಾಗಲಿ ಎಂಟು ಸಾಧನಗಳವರೆಗೆ ಜೋಡಿಸಬಹುದು. ಒಂದು ಕೀ ಅವರ ಬೀರುವಿನಲ್ಲಿ, ಇನ್ನೊಂದು ನನ್ನ ಕೀಚೈನಿನಲ್ಲಿ. ನನ್ನದೊಂದೇ ಎಲ್ಲ ಗಿರಾಕಿಗಳ ಖಾತೆಗಳಿಗೂ ಆಗುತ್ತದೆ, ಒಂದು ಖಾತೆಯ ಗುಟ್ಟು ಇನ್ನೊಂದಕ್ಕೆ ತಿಳಿಯುವುದಿಲ್ಲ. ಬ್ಯಾಟರಿ ಇಲ್ಲ, ಮಳೆಯಲ್ಲಿ ನೆನೆದ ಜೇಬಿನಲ್ಲೂ ಕೆಡಲಿಲ್ಲ.

ಕೊರತೆಗಳೂ ಇವೆ. ಬೆಲೆ ಒಂದಕ್ಕೆ ಐದು ಸಾವಿರದ ಆಸುಪಾಸು, ಒಂದನ್ನೇ ಕೊಂಡು ಕಳೆದುಕೊಂಡರೆ ಕೆಟ್ಟೆವು, ಆದ್ದರಿಂದ ಎರಡು ಬೇಕೇ ಬೇಕು. ಕಮಾಂಡ್ ಲೈನ್‌ನಲ್ಲಿ (ಬ್ರೌಸರ್ ಇಲ್ಲದೆ, ಆದೇಶಗಳನ್ನು ಟೈಪ್ ಮಾಡಿ) ಕೆಲಸ ಮಾಡುವಾಗ ಕೆಲವು ಕಡೆ ಆರಂಕಿಯನ್ನೇ ಕೇಳುತ್ತಾರೆ, ಕೀ ನಡೆಯುವುದಿಲ್ಲ. ನನ್ನ ಬ್ಯಾಂಕಂತೂ ಇದನ್ನು ಕಂಡೇ ಇಲ್ಲ. ಸರಕು ಸಾಗಣೆಗೆ ಬೇಕಾದ ಜಿಎಸ್‌ಟಿ ದಾಖಲೆ ಪಡೆಯುವ ಇ-ವೇ ಬಿಲ್ ಪೋರ್ಟಲ್‌ನಲ್ಲಿ 2025ರ ಏಪ್ರಿಲ್ 1ರಿಂದ ಎಲ್ಲರಿಗೂ ಎರಡು ಹಂತದ ಲಾಗಿನ್ ಕಡ್ಡಾಯ. ಅಲ್ಲೂ ಒಟಿಪಿಯೇ. ಆದರೆ ಎನ್‌ಐಸಿ-ಜಿಎಸ್‌ಟಿ-ಶೀಲ್ಡ್ ಆ್ಯಪ್ ಇಂಟರ್ನೆಟ್ ಇಲ್ಲದೆಯೂ ಒಟಿಪಿ ಕೊಡುತ್ತದೆ. ಕಾಫಿ ಲಾರಿ ಕಳಿಸುವವರು ಎಸ್‌ಎಂಎಸ್ ಕಾಯುವ ಬದಲು ಅದನ್ನು ಹಾಕಿಸಿಕೊಳ್ಳಲಿ.

ಕೀ ಕೊಂಡೆ, ಇನ್ನು ಸರ್ವರ್ ಭದ್ರ ಎಂದು ಗಿರಾಕಿಯೊಬ್ಬರು ನಿಶ್ಚಿಂತರಾಗಿದ್ದರು, ಅವರನ್ನು ಎಚ್ಚರಿಸಬೇಕಾಯಿತು. ಈ ಮೂರೂ ಕಾಯುವುದು ಮನುಷ್ಯರು ಒಳಬರುವ ಬಾಗಿಲನ್ನು. ಪ್ರೋಗ್ರಾಂಗಳು ಪಾಸ್‌ವರ್ಡ್‌ನಂತೆ ಬಳಸುವ ಆ್ಯಕ್ಸೆಸ್ ಕೀಯನ್ನು (ಇದು ಸಾಧನವಲ್ಲ, ಅಕ್ಷರಗಳ ಸಾಲು) ಕೋಡ್‌ನೊಳಗೇ ಬರೆದು, ಕೋಡ್ ಹಂಚಿಕೊಳ್ಳುವ ತಾಣ ಗಿಟ್‌ಹಬ್‌ಗೆ ಎಲ್ಲರಿಗೂ ಕಾಣುವಂತೆ ಹಾಕಿದರೆ ಕಳ್ಳನಿಗೆ ಲಾಗಿನ್ ಪುಟದ ಅಗತ್ಯವೇ ಇಲ್ಲ. 2019ರಲ್ಲಿ ಕ್ಯಾಪಿಟಲ್ ಒನ್ ಬ್ಯಾಂಕಿನ ಸುಮಾರು 10 ಕೋಟಿ ಅಮೆರಿಕನ್ನರ ಮಾಹಿತಿ ಹೋದದ್ದು ಯಾರದೋ ಒಟಿಪಿಯಿಂದಲ್ಲ. ತಪ್ಪಾಗಿ ಹೊಂದಿಸಿದ್ದ ಫೈರ್‌ವಾಲ್ (ಸರ್ವರ್‌ನ ಕಾವಲು ತಂತ್ರಾಂಶ) ಮೂಲಕ ದಾಳಿಕೋರರು ಸರ್ವರ್‌ನಿಂದಲೇ ಅದರ ತಾತ್ಕಾಲಿಕ ಕೀಲಿಗಳನ್ನು ಹೇಳಿಸಿಕೊಂಡರು, ಆ ಕೀಲಿಗಳಿಗೆ ಬೇಕಿದ್ದಕ್ಕಿಂತ ಹೆಚ್ಚು ಅಧಿಕಾರವಿತ್ತು. ಹಾಗಾಗಿ ಬುಕಿಂಗ್ ತಾಣದ ಪ್ರೋಗ್ರಾಂಗೆ ಬುಕಿಂಗ್ ಫೋಟೋಗಳ ಫೋಲ್ಡರ್ ಬಿಟ್ಟು ಬೇರೇನೂ ಕಾಣದಂತೆ ಇಟ್ಟಿದ್ದೇನೆ.

ನನ್ನ ತೀರ್ಮಾನ ಇಷ್ಟು: ಹತ್ತು ಸಾವಿರ ಹೊಂದುವುದಾದರೆ ಎರಡು ಕೀ ತೆಗೆದುಕೊಂಡು ಮೂಲ ಖಾತೆ, ಡೊಮೇನ್, ಇಮೇಲ್ ಮೂರಕ್ಕೂ ಜೋಡಿಸಿ. ಇಮೇಲ್ ಬಿಡಬೇಡಿ, ಮಿಕ್ಕ ಪಾಸ್‌ವರ್ಡ್‌ಗಳನ್ನು ಬದಲಿಸುವ ಕೊಂಡಿ ಬರುವುದು ಅಲ್ಲಿಗೇ. ಫಿಡೊ ಸೌಲಭ್ಯ (ಮೇಲೆ ಹೇಳಿದ ಲಾಗಿನ್ ವಿಧಾನ) ಮಾತ್ರ ಇರುವ ಅಗ್ಗದ ಮಾದರಿಯಾದರೂ ಈ ಕೆಲಸಕ್ಕೆ ಸಾಕು. ಹೊಂದದಿದ್ದರೆ ಆ್ಯಪ್ ಹಾಕಿಕೊಂಡು, ಲಾಗಿನ್ ಪುಟಕ್ಕೆ ಇಮೇಲಿನ ಕೊಂಡಿಯಿಂದ ಹೋಗದೆ ಸ್ವಂತ ಬುಕ್‌ಮಾರ್ಕ್‌ನಿಂದಲೇ ಹೋಗಿ. ಕೀ ಕೊಳ್ಳುವವರು ಟೈಪ್-ಸಿ ಜೊತೆಗೆ ಎನ್‌ಎಫ್‌ಸಿ (ಫೋನಿಗೆ ಬರೀ ತಾಗಿಸಿ ಬಳಸುವ ಸೌಲಭ್ಯ) ಇರುವುದನ್ನೇ ಆರಿಸಿ, ಎಸ್ಟೇಟ್ ಕಚೇರಿಯ ಹಳೆಯ ಕಂಪ್ಯೂಟರಿಗೆ ಒಂದು ಅಡಾಪ್ಟರ್ ಸಾಕಾಗುತ್ತದೆ.