ಕಪಿಲೇರಾದ ಮಿನಿಬಸ್ಸು: ಬೆಟ್ಟ ನೋಡೋಕೂ ಹೌದು, ನೀರು ನೋಡೋಕೂ ಹೌದು

ಸ್ಪೇನಿಗೆ ಹೋದ ನಮ್ಮವರು ಗ್ರಾನಡಾದಲ್ಲಿ ಅಲ್‌ಹಂಬ್ರಾ ಅರಮನೆ ನೋಡಿ ಹೊರಟುಬಿಡುತ್ತಾರೆ. ದಯವಿಟ್ಟು ಇನ್ನೆರಡು ದಿನ ಇಟ್ಟುಕೊಳ್ಳಿ. ಅಲ್ಲಿಂದಲೇ ಕಪಿಲೇರಾಕ್ಕೆ ಬಸ್ಸಿದೆ. ಆ ಊರಿಂದ ಬೇಸಿಗೆಯಲ್ಲಿ ರಾಷ್ಟ್ರೀಯ ಉದ್ಯಾನದ ಮಿನಿಬಸ್ಸು ಬೆಟ್ಟ ಹತ್ತುತ್ತದೆ. ಈ ಬರಹ ಆ ಮಿನಿಬಸ್ಸಿನ ಬಗ್ಗೆ.

ಕಪಿಲೇರಾ ಇರುವುದು ಸಿಯೆರಾ ನೆವಾಡಾ ಬೆಟ್ಟಸಾಲಿನ ದಕ್ಷಿಣದ ಇಳಿಜಾರಿನಲ್ಲಿ, 1,436 ಮೀಟರ್ ಎತ್ತರದಲ್ಲಿ. ಅದರ ಕೆಳಗೆ ಬುಬಿಯೋನ್, ಇನ್ನೂ ಕೆಳಗೆ ಪಂಪಾನೇರಾ. ಸುಣ್ಣ ಬಳಿದ ಗೋಡೆ, ಚೆಸ್ಟ್‌ನಟ್ ಮರದ ತೊಲೆ, ಚಪ್ಪಟೆ ಮಾಡು. ಮಾಡಿನ ಮೇಲೆ ಲೌನಾ ಅನ್ನುವ ಬೂದು ಮಣ್ಣು ಹರಡುತ್ತಾರೆ. ಒದ್ದೆಯಾದರೆ ಅದು ಬಿಗಿದುಕೊಂಡು ನೀರನ್ನು ಒಳಗೆ ಬಿಡುವುದಿಲ್ಲ.

1999ರಲ್ಲಿ ಸಿಯೆರಾ ನೆವಾಡಾ ರಾಷ್ಟ್ರೀಯ ಉದ್ಯಾನವಾಯಿತು. ಸ್ವಂತ ಕಾರನ್ನು ಸುಮಾರು 2,150 ಮೀಟರ್ ಎತ್ತರದ ಓಯಾ ದೆಲ್ ಪೋರ್ತಿಯೋ ಅನ್ನುವ ಜಾಗ ದಾಟಿ ಬಿಡುವುದಿಲ್ಲ. ಮಿನಿಬಸ್ಸು ಮಾತ್ರ ಮಣ್ಣಿನ ದಾರಿಯಲ್ಲಿ ಸುಮಾರು 2,700 ಮೀಟರ್‌ವರೆಗೆ ಹೋಗುತ್ತದೆ. ನನ್ನ ಜೊತೆ ಅಪ್ಪ ಇದ್ದರು. ಮಂಡಿನೋವು, ನಡೆದು ಹತ್ತುವ ಮಾತೇ ಇಲ್ಲ. ಅವರಿಗೆ ಪೈನ್ ಕಾಡು ಮುಗಿದು ಬರೀ ಕಲ್ಲು, ಮುಳ್ಳಿನ ಕುರುಚಲು ಶುರುವಾಗುವ ಎತ್ತರ ಸೀಟಿನಲ್ಲಿ ಕೂತೇ ಸಿಕ್ಕಿತು. ಇಳಿದ ಕೂಡಲೇ ಎದುರಿನ ಇಳಿಜಾರಿನಲ್ಲಿ ಕಾಡುಮೇಕೆಗಳ ಹಿಂಡು. ಕಾಲು ಗಟ್ಟಿ ಇರುವವರು ಅಲ್ಲಿಂದ 3,479 ಮೀಟರಿನ ಮುಲಾಸೆನ್ ಶಿಖರಕ್ಕೆ ನಡೆಯುತ್ತಾರೆ. ಸ್ಪೇನ್, ಪೋರ್ಚುಗಲ್ ಇರುವ ಐಬೀರಿಯನ್ ಪರ್ಯಾಯದ್ವೀಪದಲ್ಲಿ ಅದಕ್ಕಿಂತ ಎತ್ತರದ್ದಿಲ್ಲ. ಗ್ರಾನಡಾದ ಕೊನೆಯ ಸುಲ್ತಾನ ಬೋಅಬ್ದಿಲ್‌ನ ತಂದೆಯನ್ನು ಅಲ್ಲೇ ಹೂತರು ಅಂತ ಕಥೆಯೂ ಇದೆ.

ನನಗೆ ಶಿಖರಕ್ಕಿಂತ ಜಾಸ್ತಿ ಹಿಡಿಸಿದ್ದು ನೀರಿನ ಲೆಕ್ಕ. ಇಲ್ಲಿ ಅಸೇಕಿಯಾ ಅನ್ನುವ ಕಾಲುವೆಗಳಿವೆ. ಮುಸ್ಲಿಮರ ಆಳ್ವಿಕೆಯ ಕಾಲದವು. ಕೆಲವು ನೇರವಾಗಿ ತೋಟಕ್ಕೆ ಹೋಗುತ್ತವೆ. ಇನ್ನು ಕೆಲವು ಹಿಮ ಕರಗಿದ ನೀರನ್ನು ಎತ್ತರದಲ್ಲೇ ಹಿಡಿದು, ಬೇಕಂತಲೇ ನೆಲಕ್ಕೆ ಇಂಗಿಸುತ್ತವೆ. ಆ ನೀರು ಕಲ್ಲಿನ ಸಂದಿಗಳಲ್ಲಿ ನಿಧಾನವಾಗಿ ಇಳಿದು, ಹಿಮವೆಲ್ಲ ಮುಗಿದ ಬೇಸಿಗೆಯಲ್ಲಿ ಕೆಳಗಿನ ಊರುಗಳ ಒರತೆಗಳಲ್ಲಿ ಏಳುತ್ತದೆ. ಅಣೆಕಟ್ಟಿಲ್ಲ, ಪಂಪಿಲ್ಲ. ಬೆಟ್ಟವನ್ನೇ ಕೆರೆ ಮಾಡಿಕೊಂಡ ಜನ! ಅಪ್ಪ ಜೀವನವಿಡೀ ತೀರ್ಥಹಳ್ಳಿಯ ಹತ್ತಿರ ಅಡಿಕೆ ತೋಟ ಮಾಡಿದವರು. ಊರಿಗೆ ಇಳಿದ ಮೇಲೆ ಒಂದು ಕಾಲುವೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಚಪ್ಪಡಿ ಕಲ್ಲು ಇಟ್ಟು ನೀರು ತಿರುಗಿಸುವುದನ್ನು ನೋಡಿ "ಸರದಿ ಯಾರು ನೋಡ್ತಾರಂತೆ, ಕೇಳು" ಅಂದರು. ಅದಕ್ಕೇ ಒಬ್ಬ ಕಾಲುವೆ ಕಾಯುವವನಿರುತ್ತಾನೆ, ಅಸೇಕಿಯೇರೋ ಅಂತ ಕರೆಯುತ್ತಾರೆ.

ಈ ಕಾಲುವೆಗಳ ಹಿಂದೆ ದೊಡ್ಡ ನೋವೂ ಇದೆ. 1492ರಲ್ಲಿ ಗ್ರಾನಡಾ ಕ್ರೈಸ್ತ ದೊರೆಗಳ ಕೈಗೆ ಬಿತ್ತು. ಬಲವಂತದ ಮತಾಂತರ, ಭಾಷೆ ಮತ್ತು ಉಡುಪಿನ ಮೇಲೆ ನಿಷೇಧ ಬಂದವು. 1568ರಲ್ಲಿ ಇಲ್ಲಿನ ಮೊರಿಸ್ಕೋ ಜನ, ಅಂದರೆ ಹಾಗೆ ಮತಾಂತರಗೊಂಡ ಮುಸ್ಲಿಮರು ಮತ್ತು ಅವರ ಮಕ್ಕಳು ಮೊಮ್ಮಕ್ಕಳು, ದಂಗೆ ಎದ್ದರು. ಸೋತರು. ಅವರನ್ನು ಗ್ರಾನಡಾ ಪ್ರಾಂತ್ಯದಿಂದಲೇ ಹೊರಹಾಕಿ, ಉತ್ತರದ ಗಲೀಸಿಯಾ, ಲೆಯೋನ್ ಕಡೆಯಿಂದೆಲ್ಲ ಹೊಸಬರನ್ನು ತಂದು ಕೂರಿಸಿದರು. ಹೊಸಬರಿಗೆ ಈ ನೀರಾವರಿ ಗೊತ್ತಿರಲಿಲ್ಲ. ಅದನ್ನು ಕಲಿಸಲಿಕ್ಕೆ ಒಂದೊಂದು ಊರಲ್ಲಿ ಎರಡೆರಡು ಮೊರಿಸ್ಕೋ ಮನೆತನಗಳನ್ನು ಉಳಿಸಿಕೊಂಡರು ಅಂತ ಹೇಳುತ್ತಾರೆ. ತಮ್ಮವರನ್ನೆಲ್ಲ ಓಡಿಸಿದವರಿಗೇ ತಮ್ಮ ವಿದ್ಯೆ ಹೇಳಿಕೊಡಬೇಕಾದ ಆ ಮನೆಗಳ ವಿಷಯ ನನ್ನ ತಲೆಯಿಂದ ಹೋಗಿಲ್ಲ.

ಹೋಗುವವರಿಗೆ ಒಂದಷ್ಟು ಮಾತು. ಟಿಕೆಟ್ ಮೊದಲೇ ಕಾದಿರಿಸಿ, ಸೀಟು ಕಮ್ಮಿ. ಹಿಮ ಬಿದ್ದಮೇಲೆ ಬಸ್ಸಿಲ್ಲ. ಜುಲೈನಲ್ಲೂ ಸ್ವೆಟರ್ ಬೇಕು, ಮೇಲೆ ಗಾಳಿ ಜೋರು. ಮಾರ್ಗದರ್ಶಿ ದಾರಿಯುದ್ದಕ್ಕೂ ವಿವರಿಸುತ್ತಾರೆ; ಸ್ಪ್ಯಾನಿಷ್ ಬಾರದಿದ್ದರೆ ಮೊದಲೇ ಸ್ವಲ್ಪ ಓದಿಕೊಂಡು ಹತ್ತಿ. ನಡೆಯಬಲ್ಲವರು ಬರುವಾಗ ಬಸ್ ಬಿಟ್ಟು ನಡೆದೇ ಇಳಿಯಿರಿ, ನೀರಿನ ಪಕ್ಕದಲ್ಲೇ ಸಾಗುವ ದಾರಿಗಳು ಸಿಗುತ್ತವೆ.

ಸಸ್ಯಾಹಾರಿಗಳಿಗೆ ಊಟ ಕಷ್ಟವೇ. ಇಲ್ಲಿನ ಹೆಸರಾಂತ ತಟ್ಟೆಯೂಟದಲ್ಲಿ ಹಂದಿಮಾಂಸವೇ ಮುಖ್ಯ. ಒಂದು ಹೋಟೆಲಿನಲ್ಲಿ ಮಾಂಸ ಬೇಡ ಅಂದರೂ ಮೇಲೆ ಹ್ಯಾಮ್ ಚೂರು ಉದುರಿಸಿ ತಂದರು, ಅಪ್ಪ ಮುಟ್ಟಲಿಲ್ಲ. ಪತಾತಾಸ್ ಆ ಲೋ ಪೋಬ್ರೆ ಕೇಳಿ: ಆಲೂಗಡ್ಡೆ, ಈರುಳ್ಳಿ, ದಪ್ಪ ಮೆಣಸಿನಕಾಯಿಯನ್ನು ಆಲಿವ್ ಎಣ್ಣೆಯಲ್ಲಿ ಮೆತ್ತಗೆ ಬೇಯಿಸಿರುತ್ತಾರೆ. "ಸಿನ್ ಹಮೋನ್", ಅಂದರೆ ಹ್ಯಾಮ್ ಬೇಡ, ಅಂತ ಎರಡು ಸಲ ಹೇಳಿ.